ಪರೀಕ್ಷಾ ಆವೃತ್ತಿಯ ತಂತ್ರಾಂಶವೂ ಏಳಲೊಲ್ಲದ ಗಣಕಯಂತ್ರವೂ

ಕಿರ್ದಿ, ಖಾತಾವಣಿ, ದಾಸ್ತಾನು ಪುಸ್ತಕಗಳೆಲ್ಲವೂ ಗಣಕಯಂತ್ರದೊಳಗೆ ಸೇರಿ ಈಗ ಬಹುಕಾಲವಾಯಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಗುಂಡಿ ಒತ್ತಿದಾಗ ಯಂತ್ರವು ಏಳದಿದ್ದರೆ ಅಂದಿನ ವ್ಯಾಪಾರವೇ ಕುಂಟುತ್ತದೆ. ಬಿಲ್ಲು ಹೊರಡುವುದಿಲ್ಲ, ಸರಕಿನ ಲಾರಿಗೆ ಇ-ವೇ ಬಿಲ್ ಸಿದ್ಧವಾಗುವುದಿಲ್ಲ, ಬಾಕಿದಾರರ ಪಟ್ಟಿ ಕೈಗೆ ಸಿಗುವುದಿಲ್ಲ. ಇಂತಹ ಅವಘಡಕ್ಕೆ ವಿದ್ಯುತ್ತಿನ ಏರುಪೇರು, ಹಳೆಯದಾದ ಹಾರ್ಡ್ ಡಿಸ್ಕ್ ಮೊದಲಾದ ಕಾರಣಗಳುಂಟು. ಅವು ನಮ್ಮ ಹತೋಟಿಯಲ್ಲಿಲ್ಲ. ಆದರೆ ನಾವೇ ಕೈಯಾರೆ ಆಹ್ವಾನಿಸುವ ಕಾರಣವೊಂದಿದೆ. ಅಧಿಕೃತ ಬಿಡುಗಡೆಗೆ ಮುನ್ನ ಪರೀಕ್ಷೆಗಾಗಿ ಹೊರಬರುವ ತಂತ್ರಾಂಶವನ್ನು ವ್ಯವಹಾರದ ಯಂತ್ರದ ಮೇಲೆಯೇ ಸ್ಥಾಪಿಸುವುದು ಆ ಕಾರಣ. ಇದರ ಬಗ್ಗೆ ವರ್ತಕ ಬಾಂಧವರಲ್ಲೂ ಸಣ್ಣ ಕೈಗಾರಿಕೋದ್ಯಮಿಗಳಲ್ಲೂ ಸಾಕಷ್ಟು ಚರ್ಚೆ ನಡೆದಿಲ್ಲವೆಂಬುದು ನನ್ನ ಅಭಿಪ್ರಾಯ.

ಬೀಟಾ ಆವೃತ್ತಿ, ಬಿಡುಗಡೆಯ ಅಭ್ಯರ್ಥಿ ಆವೃತ್ತಿ, ಪೂರ್ವದರ್ಶನ ಆವೃತ್ತಿ ಎಂದು ಇದಕ್ಕೆ ಹಲವು ಹೆಸರುಗಳು. ಹೆಸರು ಏನೇ ಇರಲಿ, ತಯಾರಕರು ಅದನ್ನು ಕೊಡುವ ಕರಾರು ಒಂದೇ: ಇದ್ದದ್ದು ಇದ್ದ ಹಾಗೆ, ನಷ್ಟಕ್ಕೆ ನಾವು ಹೊಣೆಯಲ್ಲ. ಯಾವ ಸಗಟು ವ್ಯಾಪಾರಿಯಾದರೂ ಇಂತಹ ಕರಾರಿನ ಮೇಲೆ ಒಂದು ಚೀಲ ಬೇಳೆಯನ್ನಾದರೂ ಕೊಂಡಾನೆಯೇ? ತಂತ್ರಾಂಶದ ವಿಷಯದಲ್ಲಿ ಮಾತ್ರ ನಾವು ಆ ಕರಾರನ್ನು ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತುತ್ತೇವೆ.

ವಿಂಡೋಸ್ 7ರ ಉದಾಹರಣೆಯನ್ನು ನೋಡೋಣ. ಮೈಕ್ರೋಸಾಫ್ಟ್ ಸಂಸ್ಥೆಯು ಅದರ ಬೀಟಾ ಆವೃತ್ತಿಯನ್ನು 2009ರ ಜನವರಿಯಲ್ಲಿಯೂ ಅಭ್ಯರ್ಥಿ ಆವೃತ್ತಿಯನ್ನು ಅದೇ ವರ್ಷದ ಮೇ ತಿಂಗಳಿನಲ್ಲಿಯೂ ಸಾರ್ವಜನಿಕರಿಗೆ ಉಚಿತವಾಗಿ ನೀಡಿತು. ಅಂತಿಮ ಆವೃತ್ತಿಯು 2009ರ ಅಕ್ಟೋಬರ್ 22ರಂದು ಮಾರುಕಟ್ಟೆಗೆ ಬಂದಿತು. ಅಭ್ಯರ್ಥಿ ಆವೃತ್ತಿಯನ್ನೇ ನೆಚ್ಚಿಕೊಂಡು ಕುಳಿತವರ ಯಂತ್ರಗಳು 2010ರ ಮಾರ್ಚ್ 1ರಿಂದ ಎರಡು ಗಂಟೆಗೊಮ್ಮೆ ತಾವಾಗಿಯೇ ನಿಂತುಹೋಗಲಾರಂಭಿಸಿದವು. ಜೂನ್ 1ಕ್ಕೆ ಅವುಗಳ ಅವಧಿಯೇ ಮುಗಿಯಿತು. ಇದು ದೋಷವಾಗಿರಲಿಲ್ಲ, ಮುಂಚಿತವಾಗಿಯೇ ಸಾರಿದ್ದ ಷರತ್ತು. ಮಾರ್ಚ್ ತಿಂಗಳೆಂದರೆ ನಮ್ಮ ದೇಶದ ವರ್ತಕರಿಗೆ ಲೆಕ್ಕಪತ್ರ ಮುಗಿಸುವ ವರ್ಷಾಂತ್ಯವೆಂಬುದು ಅಮೆರಿಕದಲ್ಲಿ ಕುಳಿತು ದಿನಾಂಕ ಗೊತ್ತುಮಾಡಿದವರ ಗಮನಕ್ಕೆ ಬಂದಿರಲಿಕ್ಕಿಲ್ಲ.

ಅದಕ್ಕೂ ಮೊದಲು, 2006ರಲ್ಲಿ ವಿಂಡೋಸ್ ವಿಸ್ಟಾದ ಬೀಟಾ ಬಂದಾಗ ಬೇರೊಂದು ಬಗೆಯ ತೊಡಕು ಉಂಟಾಯಿತು. ಹಳೆಯ ಎಕ್ಸ್‌ಪಿ ವ್ಯವಸ್ಥೆಯು ಏಳುವಾಗ ಎನ್‌ಟಿಎಲ್‌ಡಿಆರ್ ಎಂಬ ಕಡತವನ್ನು ಅವಲಂಬಿಸಿತ್ತು. ವಿಸ್ಟಾ ಆ ಪದ್ಧತಿಯನ್ನು ಕೈಬಿಟ್ಟು ಬೂಟ್‌ಎಂಜಿಆರ್ ಎಂಬ ಹೊಸ ಕಡತವನ್ನೂ ಬೇರೆಯದೇ ಆದ ಬೂಟ್ ದಾಖಲೆಯನ್ನೂ ತಂದಿತು. ಒಂದೇ ಡಿಸ್ಕಿನಲ್ಲಿ ಎರಡನ್ನೂ ಇರಿಸಿಕೊಂಡು, ನಂತರ ವಿಸ್ಟಾ ಬೇಡವೆಂದು ಅದರ ವಿಭಾಗವನ್ನೂ ಕಡತಗಳನ್ನೂ ಅಳಿಸಿಹಾಕಿದವರಿಗೆ ಮರುದಿನ ಕಪ್ಪು ಪರದೆಯ ಮೇಲೆ ಬೂಟ್‌ಎಂಜಿಆರ್ ಕಾಣೆಯಾಗಿದೆ ಎಂಬ ಒಂದೇ ಸಾಲಿನ ದರ್ಶನವಾಗುತ್ತಿತ್ತು. ಎಕ್ಸ್‌ಪಿಯೂ ಅದರೊಳಗಿನ ಲೆಕ್ಕಪತ್ರವೂ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇದ್ದವು. ಕಾಣೆಯಾದದ್ದು ಅವುಗಳ ಬಳಿಗೆ ಹೋಗುವ ದಾರಿ ಮಾತ್ರ. ಎಕ್ಸ್‌ಪಿಯ ಮೂಲ ಸಿ.ಡಿ.ಯಿಂದ ದುರಸ್ತಿ ಕನ್ಸೋಲಿಗೆ ಪ್ರವೇಶಿಸಿ ಫಿಕ್ಸ್‌ಬೂಟ್, ಫಿಕ್ಸ್‌ಎಂಬಿಆರ್ ಎಂಬ ಎರಡು ಆಜ್ಞೆಗಳನ್ನು ಕೊಟ್ಟರೆ ಸಾಮಾನ್ಯವಾಗಿ ಯಂತ್ರ ಮತ್ತೆ ಏಳುತ್ತಿತ್ತು. ಕೆಲವೇ ನಿಮಿಷಗಳ ಈ ಕೆಲಸವನ್ನು ಅರಿಯದ ದುರಸ್ತಿಗಾರರು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ ಇದ್ದ ಲೆಕ್ಕವನ್ನೂ ಅಳಿಸುತ್ತಿದ್ದುದುಂಟು.

ನನ್ನ ಮುಖ್ಯ ಆಕ್ಷೇಪಣೆಯೂ ಇದೇ. ಏಳದ ಯಂತ್ರಕ್ಕೆ ಫಾರ್ಮ್ಯಾಟ್ ಎಂಬುದು ನಮ್ಮಲ್ಲಿ ಸರ್ವರೋಗ ನಿವಾರಕವಾಗಿಬಿಟ್ಟಿದೆ. ದುರಸ್ತಿಗಾರನಿಗೆ ಅದು ಸುಲಭ, ಒಂದೆರಡು ತಾಸಿನಲ್ಲಿ ಯಂತ್ರ ಹೊಸದರಂತೆ ಹೊಳೆಯುತ್ತದೆ, ಕೂಲಿಯೂ ದೊರೆಯುತ್ತದೆ. ಆದರೆ ಯಜಮಾನನಿಗೆ ಬೇಕಾದದ್ದು ಯಂತ್ರವಲ್ಲ, ಅದರೊಳಗಿನ ಬಾಕಿ ವಸೂಲಿಯ ಪಟ್ಟಿ. ಆದ್ದರಿಂದ ದುರಸ್ತಿಗಾರನಿಗೆ ಯಜಮಾನನು ಮೊದಲೇ ಕೊಡಬೇಕಾದ ಅಪ್ಪಣೆಯೆಂದರೆ, ದತ್ತಾಂಶದ ಪ್ರತಿಯೊಂದು ಬೇರೆ ಡಿಸ್ಕಿಗೆ ಬಂದು ಅದನ್ನು ತೆರೆದು ನೋಡುವವರೆಗೂ ಯಾವುದನ್ನೂ ಅಳಿಸಕೂಡದು.

ಹಾಗಾದರೆ ಏಳದ ಯಂತ್ರವನ್ನು ಹೇಗೆ ಪರಿಶೀಲಿಸಬೇಕು? ಮೊದಲು ತಾಳ್ಮೆ ಬೇಕು. ಹೊಸ ಆವೃತ್ತಿ ಸ್ಥಾಪನೆಯಾದ ಮೇಲೆ ಮೊದಲ ಸಲ ಏಳುವಾಗ, ಅದರಲ್ಲಿಯೂ ಹಳೆಯ ಬಗೆಯ ಹಾರ್ಡ್ ಡಿಸ್ಕಿನ ಯಂತ್ರಗಳಲ್ಲಿ, ಬಹಳ ಹೊತ್ತು ಹಿಡಿಯುವುದುಂಟು. ಡಿಸ್ಕಿನ ದೀಪ ಮಿನುಗುತ್ತಿರುವಾಗಲೇ ಯಂತ್ರ ಸತ್ತಿತೆಂದು ಭಾವಿಸಿ ವಿದ್ಯುತ್ ಕಡಿದವರು ಸಣ್ಣ ತೊಂದರೆಯನ್ನು ದೊಡ್ಡದು ಮಾಡಿಕೊಳ್ಳುತ್ತಾರೆ. ಎರಡನೆಯದಾಗಿ, ತಯಾರಕರ ಲಾಂಛನವು ಪರದೆಯ ಮೇಲೆ ಮೂಡುತ್ತದೆಯೋ ಇಲ್ಲವೋ ಎಂಬುದನ್ನು ಗಮನಿಸಬೇಕು. ಲಾಂಛನವೂ ಇಲ್ಲ, ಬೀಪ್ ಸದ್ದು ವಿಚಿತ್ರವಾಗಿದೆ ಎಂದರೆ ಸಂಶಯವು ಮೆಮೊರಿ, ವಿದ್ಯುತ್ ಪೂರೈಕೆ, ಮದರ್‌ಬೋರ್ಡುಗಳ ಕಡೆಗೆ ಹರಿಯಬೇಕು. ಲಾಂಛನ ಬಂದು ಆಮೇಲೆ ನಿಂತರೆ ದೋಷವು ಬಹುಮಟ್ಟಿಗೆ ಡಿಸ್ಕ್ ಅಥವಾ ತಂತ್ರಾಂಶದಲ್ಲಿದೆ. ಪೆನ್ ಡ್ರೈವ್, ಡಾಂಗಲ್, ಪ್ರಿಂಟರ್ ಎಲ್ಲವನ್ನೂ ಕಳಚಿ ಒಮ್ಮೆ ನೋಡುವುದು ಲೇಸು. ಮರೆತು ಸಿಕ್ಕಿಸಿದ ಪೆನ್ ಡ್ರೈವಿನಿಂದಲೇ ಏಳಲು ಹೊರಟು ಯಂತ್ರ ಮುಗ್ಗರಿಸುವುದು ಅಪರೂಪವೇನಲ್ಲ.

ವಿಂಡೋಸ್ 10 ಮತ್ತು 11ರಲ್ಲಿ ಏಳುವ ಪ್ರಯತ್ನ ಎರಡು ಮೂರು ಸಲ ಸತತವಾಗಿ ವಿಫಲವಾದರೆ ವ್ಯವಸ್ಥೆಯು ತಾನಾಗಿ ದುರಸ್ತಿ ಪರದೆಯನ್ನು ತೋರಿಸುತ್ತದೆ. ಅಲ್ಲಿ ಇತ್ತೀಚಿನ ಪರಿಷ್ಕರಣೆಯನ್ನು ತೆಗೆದುಹಾಕುವ ಆಯ್ಕೆಯಿದೆ. ಪರೀಕ್ಷಾ ಆವೃತ್ತಿಯ ನಂತರ ಕೆಟ್ಟ ಯಂತ್ರಕ್ಕೆ ಮೊದಲು ಪ್ರಯತ್ನಿಸಬೇಕಾದದ್ದು ಅದನ್ನೇ. ಸೇಫ್ ಮೋಡ್‌ನಲ್ಲಿ ಯಂತ್ರ ಎದ್ದರೆ ದೋಷವು ಯಾವುದೋ ಡ್ರೈವರ್‌ನಲ್ಲಿದೆಯೆಂದು ಊಹಿಸಬಹುದು. ನೀಲಿ ಪರದೆಯ ಮೇಲೆ ಬೂಟ್ ಸಾಧನವು ಎಟುಕುತ್ತಿಲ್ಲವೆಂಬ ಸಂದೇಶ ಬಂದರೆ ಡಿಸ್ಕನ್ನು ಮಾತನಾಡಿಸುವ ಡ್ರೈವರ್ ಹೊಸ ಆವೃತ್ತಿಗೆ ಹೊಂದಲಿಲ್ಲವೆಂಬ ಸಾಧ್ಯತೆ ಹೆಚ್ಚು. ಇದೇ ದುರಸ್ತಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಬರೆದರೆ ಆ ಪುಟ್ಟ ತಂತ್ರಾಂಶ ತೆರೆದುಕೊಳ್ಳುತ್ತದೆ. ಅದರ ಕಡತ ತೆರೆಯುವ ಕಿಟಕಿಯಲ್ಲಿ ಎಲ್ಲ ಬಗೆಯ ಕಡತಗಳನ್ನು ತೋರಿಸುವಂತೆ ಮಾಡಿಕೊಂಡರೆ ಅಲ್ಲಿಂದಲೇ ಲೆಕ್ಕದ ಕಡತಕೋಶವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಬಹುದು. ಏಳಲಾರದ ಯಂತ್ರದಿಂದ ಪುಸ್ತಕಗಳನ್ನು ಹೊರತೆಗೆಯಲು ಇದಕ್ಕಿಂತ ಸರಳವಾದ ಉಪಾಯವನ್ನು ನಾನು ಕಾಣೆ. ಯಂತ್ರವನ್ನು ಮರುಹೊಂದಿಸಿ ನನ್ನ ಕಡತಗಳನ್ನು ಉಳಿಸು ಎಂಬ ಆಯ್ಕೆಯೂ ಇದೆ. ಅದನ್ನು ಒತ್ತುವ ಮುನ್ನ ಹತ್ತು ಸಲ ಯೋಚಿಸಬೇಕು. ಅದು ಉಳಿಸುವುದು ಬಳಕೆದಾರನ ಸ್ವಂತ ಕಡತಕೋಶಗಳನ್ನು. ಸ್ಥಾಪಿಸಿದ ತಂತ್ರಾಂಶಗಳೆಲ್ಲ ಹೋಗುತ್ತವೆ, ಸಿ ವಿಭಾಗದ ಬೇರಾವುದೋ ಮೂಲೆಯಲ್ಲಿರುವ ಲೆಕ್ಕದ ಕಡತಗಳು ಇದ್ದಲ್ಲಿಯೇ ಉಳಿಯುವ ಭರವಸೆಯಿಲ್ಲ.

ಹಿಂದಿನ ಆವೃತ್ತಿಗೆ ಮರಳುವ ಅವಕಾಶವೂ ಅಪರಿಮಿತವಲ್ಲ. ವಿಂಡೋಸ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಹತ್ತು ದಿನಗಳ ಗಡುವು. ಅದು ಕಳೆದ ಮೇಲೆ ಪರೀಕ್ಷಾ ಆವೃತ್ತಿಯಿಂದ ಹೊರಬರಲು ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದೇ ಬಹುಪಾಲು ದಾರಿಯಾಗುತ್ತದೆ. 2021ರಲ್ಲಿ ವಿಂಡೋಸ್ 11ರ ಪರೀಕ್ಷಾ ಕಾಲದಲ್ಲಿ ಅರ್ಹತೆಯಿಲ್ಲದ ಕೆಲವು ಹಳೆಯ ಯಂತ್ರಗಳಿಗೂ ಪ್ರವೇಶ ದೊರೆತಿತ್ತು. ಬಿಡುಗಡೆಯ ಹೊತ್ತಿಗೆ ಅಂಥವರಿಗೆ ವಿಂಡೋಸ್ 10ಕ್ಕೆ ಹಿಂದಿರುಗುವಂತೆ ಸೂಚಿಸಲಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ ಹಳೆಯ ಯಂತ್ರಗಳಿಗೆ ಹೇಗಾದರೂ ಹೊಸ ವ್ಯವಸ್ಥೆಯನ್ನು ತುರುಕುವ ಆಸೆ ಬಲವಾಗಿದೆ. ಪರೀಕ್ಷಾ ಆವೃತ್ತಿಯು ಅದಕ್ಕೆ ಅಡ್ಡದಾರಿಯೆಂದು ಸಲಹೆ ಕೊಡುವವರೂ ಇದ್ದಾರೆ. ಅವರ ಮಾತಿಗೆ ಕಿವಿಗೊಡಬಾರದು.

ಈಚಿನ ಯಂತ್ರಗಳಲ್ಲಿ ಇನ್ನೊಂದು ಬೀಗ ಸೇರಿಕೊಂಡಿದೆ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದರೆ ಡಿಸ್ಕ್ ಅನೇಕ ವೇಳೆ ತಾನಾಗಿಯೇ ಗೂಢಲಿಪೀಕರಣಗೊಳ್ಳುತ್ತದೆ. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆಯಾದಾಗ 48 ಅಂಕಿಗಳ ಚೇತರಿಕೆ ಕೀಲಿಯನ್ನು ಅದು ಕೇಳುತ್ತದೆ. ಕೀಲಿಯಿಲ್ಲದಿದ್ದರೆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ಒಂದಕ್ಷರವೂ ಓದಲು ಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯೊಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿದಾಗ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಅದು ಪರೀಕ್ಷಾ ಆವೃತ್ತಿಯಾಗಿರಲಿಲ್ಲ. ಸೇಫ್ ಮೋಡ್‌ನಲ್ಲಿ ಒಂದು ಕಡತವನ್ನು ಅಳಿಸಿದರೆ ಯಂತ್ರ ಏಳುತ್ತಿತ್ತು. ಆದರೂ ಚೇತರಿಕೆ ಕೀಲಿ ಎಲ್ಲಿದೆಯೆಂದು ಗೊತ್ತಿಲ್ಲದವರಿಗೆ ಆ ಒಂದು ಕಡತದವರೆಗೆ ತಲುಪುವುದೇ ದುಸ್ತರವಾಯಿತು. ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಡುವುದಕ್ಕೆ ಐದು ನಿಮಿಷವೂ ಬೇಡ.

ಲೆಕ್ಕಪತ್ರ ತಂತ್ರಾಂಶಕ್ಕೂ ಈ ಎಚ್ಚರ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಟ್ಯಾಲಿ ತಂತ್ರಾಂಶದ ಮೂಲವೇ ವ್ಯಾಪಾರಿಯೊಬ್ಬರ ಅಗತ್ಯ. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ತಕ್ಕ ಲೆಕ್ಕದ ತಂತ್ರಾಂಶ ದೊರೆಯದ ಕಾರಣ ಪುತ್ರ ಭರತ್ ಗೋಯೆಂಕಾ ಅದನ್ನು 1980ರ ದಶಕದಲ್ಲಿ ರೂಪಿಸಿದರು. ಇಂತಹ ತಂತ್ರಾಂಶಗಳ ದೊಡ್ಡ ಆವೃತ್ತಿ ಬದಲಾವಣೆಯಲ್ಲಿ ದತ್ತಾಂಶದ ರೂಪವೇ ಬದಲಾಗುವುದುಂಟು. ಹೊಸ ರೂಪಕ್ಕೆ ವರ್ಗಾಯಿಸಿದ ಪುಸ್ತಕಗಳು ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ವಿಂಡೋಸ್ ಅನ್ನು ಹಿಂದಕ್ಕೆ ತಂದರೂ ಲೆಕ್ಕ ಹಿಂದಕ್ಕೆ ಬಾರದ ಇಕ್ಕಟ್ಟು ಆಗ ಎದುರಾಗುತ್ತದೆ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 57ನೆಯ ನಿಯಮವು ವಿದ್ಯುನ್ಮಾನ ದಾಖಲೆಗಳ ಪ್ರತಿಯನ್ನು, ಅಪಘಾತದಲ್ಲಿ ಮೂಲವು ನಾಶವಾದರೂ ಸಮಂಜಸ ಕಾಲದೊಳಗೆ ಮರಳಿ ಪಡೆಯುವಂತೆ ಕಾಪಾಡಬೇಕೆನ್ನುತ್ತದೆ. ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳುಗಳ ಕಾಲ ಲೆಕ್ಕಪುಸ್ತಕಗಳನ್ನು ಉಳಿಸಿಕೊಳ್ಳಬೇಕೆಂಬುದು ಅದೇ ಕಾಯಿದೆಯ 36ನೆಯ ಪ್ರಕರಣ. ಪ್ರೈವೇಟ್ ಲಿಮಿಟೆಡ್ ಕಂಪನಿಗಳಾಗಿ ನೋಂದಾಯಿಸಿಕೊಂಡವರಿಗಂತೂ 2022ರ ತಿದ್ದುಪಡಿಯ ನಂತರ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸುವ ಹೊಣೆಯಿದೆ. ದುರಸ್ತಿಗಾರ ಫಾರ್ಮ್ಯಾಟ್ ಮಾಡಿದನೆಂಬುದು ತೆರಿಗೆ ಅಧಿಕಾರಿಯ ಮುಂದೆ ಸಮಜಾಯಿಷಿಯಾಗಲಾರದು.

ಪರೀಕ್ಷಾ ಆವೃತ್ತಿಗಳೇ ಬೇಡವೆಂದು ಇದರ ಅರ್ಥವಲ್ಲ. ಯಾರೂ ಪರೀಕ್ಷಿಸದಿದ್ದರೆ ನಮ್ಮ ತೊಂದರೆಗಳು ತಯಾರಕರಿಗೆ ತಿಳಿಯುವುದಾದರೂ ಹೇಗೆ? ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ತೂಕದ ಯಂತ್ರಕ್ಕೆ ಜೋಡಿಸಿದ ಸೀರಿಯಲ್ ಕೇಬಲ್, ಸಿಎನ್‌ಸಿ ಯಂತ್ರಕ್ಕೆ ಕಾರ್ಯಕ್ರಮ ಕಳಿಸುವ ಹಳೆಯ ತಂತ್ರಾಂಶ ಇವೆಲ್ಲ ದೊಡ್ಡ ಕಂಪನಿಗಳ ಪ್ರಯೋಗಾಲಯದಲ್ಲಿ ಇರಲಾರವು. ಪೀಣ್ಯದ ಕಾರ್ಖಾನೆಯೊಂದರ ಮೂಲೆಯಲ್ಲಿ ಇರುತ್ತವೆ. ಪರೀಕ್ಷಿಸುವವರ ಮಾತಿಗೂ ಬೆಲೆ ಸಿಗದ ಸಂದರ್ಭಗಳುಂಟು. 2018ರ ಅಕ್ಟೋಬರ್‌ನಲ್ಲಿ ಹೊರಬಂದ ವಿಂಡೋಸ್ 10ರ ಪರಿಷ್ಕರಣೆಯು ಕೆಲವರ ಕಡತಗಳನ್ನೇ ಅಳಿಸಿ, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆಯಬೇಕಾಯಿತು. ಪರೀಕ್ಷಾ ಹಂತದಲ್ಲಿಯೇ ಬಳಕೆದಾರರು ಅದನ್ನು ವರದಿ ಮಾಡಿದ್ದರೂ ಅದು ಗಮನಕ್ಕೆ ಬಿದ್ದಿರಲಿಲ್ಲ. ಆದುದರಿಂದ ಪರೀಕ್ಷಿಸುವವರು ಗುಜರಿಗೆ ಹಾಕಲಿರುವ ಹಳೆಯ ಯಂತ್ರದ ಮೇಲೆ, ಲೆಕ್ಕದ ನಕಲು ಪ್ರತಿಯೊಂದಿಗೆ ಪರೀಕ್ಷಿಸಲಿ. ಬಿಲ್ಲು ಬರೆಯುವ ಯಂತ್ರದ ಮೇಲೆ ಬೇಡ.

ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಈ ದಿಸೆಯಲ್ಲಿ ಮಾಡಬಹುದಾದ ಒಂದು ಕಾರ್ಯವಿದೆ. ವಾರ್ಷಿಕ ನಿರ್ವಹಣಾ ಒಪ್ಪಂದಗಳಿಗೆ ಒಂದು ಮಾದರಿ ಕರಡನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಯಜಮಾನನ ಲಿಖಿತ ಒಪ್ಪಿಗೆಯಿಲ್ಲದೆ ಪರೀಕ್ಷಾ ಆವೃತ್ತಿಯನ್ನಾಗಲಿ ಡ್ರೈವರನ್ನಾಗಲಿ ಸ್ಥಾಪಿಸತಕ್ಕದ್ದಲ್ಲ, ದತ್ತಾಂಶದ ಪ್ರತಿಯನ್ನು ತೆರೆದು ತೋರಿಸದೆ ಫಾರ್ಮ್ಯಾಟ್ ಮಾಡತಕ್ಕದ್ದಲ್ಲ, ಚೇತರಿಕೆ ಕೀಲಿಯ ಮುದ್ರಿತ ಪ್ರತಿಯನ್ನು ಯಜಮಾನನ ವಶಕ್ಕೆ ಕೊಡತಕ್ಕದ್ದು ಎಂಬ ಮೂರು ಷರತ್ತುಗಳು ಅದರಲ್ಲಿದ್ದರೆ ಸಾಕು. ಸೇವೆ ಒದಗಿಸುವವರಲ್ಲಿ ಕೆಲವರು ಇದಕ್ಕೆ ಗೊಣಗಬಹುದು, ದರವನ್ನು ತುಸು ಏರಿಸಲೂಬಹುದು. ಮಾರ್ಚ್ ತಿಂಗಳಿಗೆ ಮುನ್ನವೇ ಒಪ್ಪಂದಗಳನ್ನು ನವೀಕರಿಸುವ ಸದಸ್ಯರು ಬಹಳವಿರುವುದರಿಂದ ಕರಡು ಜನವರಿಯೊಳಗೆ ಕೈಸೇರುವಂತಿರಬೇಕು.