ಹಿಟ್ಟಿನ ಕೋಳಿಯೂ ಕರಿಯ ಮುಸುಕೂ: ಕಥೆಗೆ ನೀತಿಯ ಬಾಲವೇಕೆ?

‘ಕಥೆಯ ಕೊನೆಯಲ್ಲಿ ಅದರ ನೀತಿಯನ್ನು ಒಂದು ವಾಕ್ಯದಲ್ಲಿ ಬರೆಯತಕ್ಕದ್ದು.’ ಮಕ್ಕಳಿಗಾಗಿ ನಡೆಯುವ ಕಥಾಸ್ಪರ್ಧೆಗಳ ನಿಯಮಗಳಲ್ಲಿ ಈ ಸಾಲು ವರ್ಷವರ್ಷವೂ ತಪ್ಪದೆ ಅಚ್ಚಾಗುತ್ತದೆ, ನಮ್ಮಲ್ಲಿಯೂ ಹಾಗೆಯೇ. ಅದನ್ನು ತೆಗೆದುಹಾಕಬೇಕೆಂಬುದು ಈ ಲೇಖನದ ವಾದ. ನೀತಿಯಿಲ್ಲದ ಕಥೆ ಉಪ್ಪಿಲ್ಲದ ಅಡುಗೆಯೆಂದು ಹಿರಿಯರು ಹೇಳುವುದುಂಟು. ಒಪ್ಪತಕ್ಕ ಮಾತೇ. ಆದರೆ ಉಪ್ಪನ್ನು ಅಡುಗೆಯೊಳಗೆ ಕರಗಿಸುತ್ತಾರೆಯೇ ಹೊರತು, ಊಟ ಮುಗಿದ ಮೇಲೆ ಅಂಗೈಗೆ ಹಾಕಿ ನೆಕ್ಕಿಸುವ ಪದ್ಧತಿ ಯಾವ ಮನೆಯಲ್ಲಿಯೂ ಇಲ್ಲ.

ಇನ್ನೊಂದು ಪಕ್ಷ ನಮ್ಮ ಕಾಲೇಜು ತರುಣರದು. ನೀತಿ ಹಳೆಯ ಸರಕು, ಸಂಕೇತವೇ ಸಾಹಿತ್ಯ, ಆ ಸಂಕೇತ ಬಂದದ್ದು ಪಶ್ಚಿಮದಿಂದ ಎಂದು ಇವರ ನಂಬಿಕೆ. ಇಂಗ್ಲಿಷ್ ಪತ್ರಿಕೆಗಾಗಿ ಹಾಥಾರ್ನ್, ಪೋ, ಮೆಲ್ವಿಲ್ ಇವರ ಕಥೆಗಳನ್ನು ಓದಿ ಬಂದವರು. ಓದಿದ್ದು ಕಥೆಯನ್ನಲ್ಲ, ಗೈಡನ್ನು. ಗೈಡಿನಲ್ಲಿ ಒಂದು ಪಟ್ಟಿ ಇರುತ್ತದೆ: ಮುಸುಕು ಎಂದರೆ ಪಾಪ, ಗುಲಾಬಿ ರಿಬ್ಬನ್ ಎಂದರೆ ಮುಗ್ಧತೆ, ಕಾಡು ಎಂದರೆ ಕೇಡು. ಹಿರಿಯರು ಅರ್ಥವನ್ನು ಕಥೆಯ ಬಾಲಕ್ಕೆ ಕಟ್ಟುತ್ತಾರೆ, ಕಿರಿಯರು ಅಂಚಿನಲ್ಲಿ ಗೀಚುತ್ತಾರೆ. ರೋಗ ಒಂದೇ. ಕಥೆಯನ್ನು ಓದದೆಯೇ ಅದರಿಂದ ಪಾರಾಗುವ ಉಪಾಯ ಇಬ್ಬರಿಗೂ ಬೇಕಾಗಿದೆ.

ನಥಾನಿಯಲ್ ಹಾಥಾರ್ನ್ ಹುಟ್ಟಿದ್ದು 1804ರಲ್ಲಿ, ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಸೇಲಂ ಎಂಬ ಊರಿನಲ್ಲಿ. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಗುವ ತನಕ ನಮ್ಮ ಪೆನ್ನಾಗರವೂ ಸೇಲಂ ಜಿಲ್ಲೆಗೇ ಸೇರಿತ್ತು. ಹೆಸರಿನ ಈ ಹೋಲಿಕೆ ಬರಿಯ ಕಾಕತಾಳೀಯ. ಆದರೂ ಆ ಸೇಲಂನ ಕಥೆ ಈ ಸೇಲಂನವರಿಗೆ ತಿಳಿದಿರಲಿ. 1692ರಲ್ಲಿ ಅಲ್ಲಿ ಮಾಟಗಾರರೆಂಬ ಆರೋಪ ಹೊರಿಸಿ 19 ಜನರನ್ನು ನೇಣಿಗೆ ಹಾಕಿದರು. ಆರೋಪಿಯ ಛಾಯೆ ರಾತ್ರಿ ಬಂದು ನಮ್ಮನ್ನು ಹಿಂಸಿಸಿತು ಎಂಬ ಮಾತನ್ನೂ ನ್ಯಾಯಾಲಯವು ಸಾಕ್ಷ್ಯವೆಂದು ಸ್ವೀಕರಿಸಿತು. ಪೀಠದಲ್ಲಿ ಕುಳಿತವರಲ್ಲಿ ಜಾನ್ ಹಾಥಾರ್ನ್ ಒಬ್ಬ, ನಮ್ಮ ಕಥೆಗಾರನ ಪೂರ್ವಿಕ. ಆ ನ್ಯಾಯಾಧೀಶರಿಗೆ ನೀತಿಯ ವಿಷಯದಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ. ಕಥೆ ಕೇಳುವುದಕ್ಕೆ ಮೊದಲೇ ಕೊನೆಯ ಸಾಲನ್ನು ಬರೆದಿಟ್ಟುಕೊಂಡಿದ್ದವರು ಅವರು.

1835ರಲ್ಲಿ ಹಾಥಾರ್ನ್ ಪ್ರಕಟಿಸಿದ ‘ಯಂಗ್ ಗುಡ್‌ಮನ್ ಬ್ರೌನ್’ ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಹೊಸದಾಗಿ ಮದುವೆಯಾದ ಬ್ರೌನ್ ಒಂದು ರಾತ್ರಿ ಮಡದಿಯನ್ನು ಬಿಟ್ಟು ಕಾಡಿಗೆ ಹೋಗುತ್ತಾನೆ. ಆಕೆಯ ಹೆಸರು ಫೇತ್, ಎಂದರೆ ಶ್ರದ್ಧೆ. ಪಿಶಾಚಿಯ ಸಭೆಯಲ್ಲಿ ಊರಿನ ಪಾದ್ರಿ, ಬಾಲ್ಯದಲ್ಲಿ ತನಗೆ ಧರ್ಮಪಾಠ ಹೇಳಿದ ಮುದುಕಿ, ಕೊನೆಗೆ ಕೈಹಿಡಿದವಳು, ಎಲ್ಲರೂ ಕಾಣುತ್ತಾರೆ. ಅದು ಕನಸೋ ನನಸೋ ಎಂದು ಕಥೆಗಾರ ಕೇಳುತ್ತಾನೆ, ಉತ್ತರಿಸುವುದಿಲ್ಲ. ಬ್ರೌನ್ ಮಾತ್ರ ಸಂದೇಹಕ್ಕೆ ಅವಕಾಶವನ್ನೇ ಕೊಡದೆ ಸಾಯುವವರೆಗೂ ಊರವರನ್ನೆಲ್ಲ ಪಾಪಿಗಳೆಂದೇ ಕಂಡು ಬಾಳನ್ನು ಕಹಿಮಾಡಿಕೊಂಡ. ಅಜ್ಜಂದಿರು ನ್ಯಾಯಾಲಯದಲ್ಲಿ ಮಾಡಿದ್ದನ್ನೇ ಅವನು ಮನಸ್ಸಿನಲ್ಲಿ ಮಾಡಿದ. ಛಾಯೆಯನ್ನು ಸಾಕ್ಷ್ಯವೆಂದು ತೆಗೆದುಕೊಂಡ. ಇದರ ಕೆಳಗೆ ‘ಮನುಷ್ಯರೆಲ್ಲ ಪಾಪಿಗಳು’ ಎಂದು ನೀತಿ ಬರೆಯುವ ವಿದ್ಯಾರ್ಥಿ ಬ್ರೌನನ ಪಕ್ಷ ಸೇರಿದಂತೆ. ‘ಯಾರನ್ನೂ ಸಂದೇಹಿಸಬಾರದು’ ಎಂದು ಬರೆದರೆ ಕಾಡಿನಲ್ಲಿ ಕಂಡದ್ದನ್ನು ಅಳಿಸಿದಂತೆ.

ಕಾಡು ಎಂದರೆ ಕೇಡು ಎಂಬ ಸಮೀಕರಣವಂತೂ ಪೆನ್ನಾಗರದ ಮಗುವಿಗೆ ಕಲಿಸತಕ್ಕ ಪಾಠವೇ ಅಲ್ಲ. ಕಡಲು ದಾಟಿ ಬಂದು ಅಪರಿಚಿತ ನೆಲದಲ್ಲಿ ನೆಲೆಸಿದ ಪ್ಯೂರಿಟನ್ನರಿಗೆ ಊರಿನ ಅಂಚಿನ ಕಾಡು ಪಿಶಾಚಿಯ ಬೀಡಾಗಿ ಕಂಡಿತು. ನಮ್ಮ ಕಾಡು ಹೊಗೇನಕಲ್ಲಿನ ಕಾಡು. ದನ ಮೇಯಿಸಿದವರೂ ಹುಣಿಸೆ ಬಡಿದವರೂ ಅದರಲ್ಲಿ ತಿರುಗಿದ್ದಾರೆ. ಹೊಳೆಯಾಚೆಯ ಬೆಟ್ಟದಲ್ಲಿ ಹುಲಿಯನ್ನೇರಿದ ಮಾದಪ್ಪನೇ ಇದ್ದಾನೆ. ಅದೇ ಮರ, ಅದೇ ಕತ್ತಲೆ, ಬೇರೆ ಅರ್ಥ. ಸಂಕೇತವು ನೆಲದಲ್ಲಿ ಬೇರುಬಿಟ್ಟ ವಸ್ತುವೆಂಬುದನ್ನು ಈ ಊರಿನ ಮಗುವಿಗಿಂತ ಸುಲಭವಾಗಿ ತಿಳಿಯಬಲ್ಲವರು ಯಾರು?

ಕರಿಯ ಮುಸುಕಿನ ಪಾದ್ರಿಯ ಕಥೆ ಇನ್ನೂ ಸ್ಪಷ್ಟವಾದ ಸಾಕ್ಷಿ. ಪಾದ್ರಿ ಹೂಪರ್ ಒಂದು ಭಾನುವಾರ ಮುಖಕ್ಕೆ ಕರಿಯ ಮುಸುಕು ಹಾಕಿಕೊಂಡು ಚರ್ಚಿಗೆ ಬರುತ್ತಾನೆ. ಮಾತು ಕೊಟ್ಟಿದ್ದ ಹೆಣ್ಣು ಬೇಡಿಕೊಂಡರೂ ತೆಗೆಯುವುದಿಲ್ಲ; ಮುಸುಕಿನೊಡನೆಯೇ ಮಣ್ಣಾಗುತ್ತಾನೆ. ಈ ಕಥೆಗೆ ಹಾಥಾರ್ನ್ ತಾನೇ ಒಂದು ಅಡಿಟಿಪ್ಪಣಿ ಬರೆದಿದ್ದಾನೆ. ನಿಜವಾಗಿಯೂ ಮೂಡಿ ಎಂಬ ಪಾದ್ರಿಯೊಬ್ಬ ಹೀಗೆ ಮುಖ ಮರೆಸಿಕೊಂಡಿದ್ದನಂತೆ. ಎಳವೆಯಲ್ಲಿ ಕೈತಪ್ಪಿ ಗೆಳೆಯನನ್ನು ಕೊಂದದ್ದು ಅದಕ್ಕೆ ಕಾರಣ. ತನ್ನ ಕಥೆಯಲ್ಲಿ ಆ ಸಂಕೇತದ ಅರ್ಥ ಬೇರೆಯೆಂದೂ ಹಾಥಾರ್ನ್ ಹೇಳುತ್ತಾನೆ. ಎಂದರೆ ಅವನ ಕೈಗೆ ಕಾರಣಸಹಿತವಾದ ಘಟನೆಯೇ ಸಿಕ್ಕಿತ್ತು. ಕಾರಣವನ್ನು ಕಿತ್ತುಹಾಕಿ ಅದನ್ನು ಕಥೆ ಮಾಡಿದ. ನಮ್ಮ ಗೈಡು ಕಿತ್ತುಹಾಕಿದ್ದನ್ನು ಮತ್ತೆ ತಂದು ಅಂಟಿಸುತ್ತದೆ! ಪೋ ಮಹಾಶಯ 1847ರಲ್ಲಿ ಹಾಥಾರ್ನನನ್ನು ವಿಮರ್ಶಿಸುತ್ತ ಅನ್ಯೋಕ್ತಿಯ ಗೀಳಿಗಾಗಿ ಅವನನ್ನು ಕಟುವಾಗಿ ಟೀಕಿಸಿದ. ಅದರಲ್ಲಿ ಸತ್ಯವಿಲ್ಲದಿಲ್ಲ, ಹಾಥಾರ್ನನ ಸಪ್ಪೆ ಕಥೆಗಳೆಲ್ಲ ಅರ್ಥ ಮೊದಲು, ಜನ ಆಮೇಲೆ ಎಂಬ ಜಾತಿಯವೇ.

ಈಗ ತರುಣರ ಎರಡನೆಯ ನಂಬಿಕೆಗೆ ಬರೋಣ. ಸಂಕೇತವು ನವ್ಯದೊಡನೆ ಕನ್ನಡಕ್ಕೆ ಬಂದಿಳಿಯಿತಂತೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡುವುದು ದೊಡ್ಡ ಸಂಕೇತವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜನ್ನನು ‘ಯಶೋಧರ ಚರಿತೆ’ಯನ್ನು ಬರೆದದ್ದು 1209ರಲ್ಲಿ. ಮಡದಿ ಅಮೃತಮತಿ ವಿಕಾರರೂಪಿಯಾದ ಮಾವಟಿಗನಿಗೆ ಒಲಿದದ್ದನ್ನು ಯಶೋಧರ ಕಣ್ಣಾರೆ ಕಂಡ. ಕತ್ತಿಯೆತ್ತಿದರೂ ಕೊಲ್ಲಲಾರದೆ, ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳಿದ. ತಾಯಿ ದೇವಿಗೆ ಬಲಿ ಕೊಡೆಂದಳು. ಜೀವಹಿಂಸೆಗೆ ಅವನು ಒಪ್ಪಲಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಡುವುದೆಂದು ಇಬ್ಬರೂ ರಾಜಿಯಾದರು. ಕತ್ತಿ ಬಿದ್ದ ಗಳಿಗೆಯಲ್ಲಿ ಹಿಟ್ಟಿನ ಕೋಳಿ ಕೂಗಿತು.

ಆಯುಧಪೂಜೆಯ ದಿನ ಲಾರಿಯ ಮುಂದೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವ ನಮಗೆ ಈ ಸಂಕೇತವನ್ನು ಗೈಡು ವಿವರಿಸಬೇಕಾಗಿಲ್ಲ. ಮಾರಿಗೆ ಕೋಳಿ ಕೊಯ್ಯುವ ಮನೆ, ಕೊಯ್ಯುವುದನ್ನು ಬಿಟ್ಟು ಕಾಯಿ ಒಡೆಯುವ ಮನೆ, ಎರಡೂ ಒಂದೇ ಬೀದಿಯಲ್ಲಿವೆ. ಜೈನಕಥೆ ನಮಗೇಕೆಂದು ಕೇಳುವವರಿಗೆ ಒಂದು ಮಾತು: ತಗಡೂರೆಂದು ಕರೆಯಿಸಿಕೊಳ್ಳುತ್ತಿದ್ದ ಈ ಧರ್ಮಪುರಿಯಲ್ಲೇ 9ನೆಯ ಶತಮಾನದ ನೊಳಂಬರ ಕಾಲದ ಕನ್ನಡ ಶಾಸನ ಜೈನ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ.

‘ಯಶೋಧರ ಚರಿತೆ’ಗೆ ನೀತಿ ಇದೆಯಲ್ಲ ಎಂದು ಹಿರಿಯರು ಗೆಲುವಿನಿಂದ ಕೇಳಬಹುದು. ಇದೆ, ಮುಚ್ಚುಮರೆಯಿಲ್ಲದೆ ಇದೆ: ಸಂಕಲ್ಪದಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ. ತಾಯಿ ಮಗ ಇಬ್ಬರೂ ನವಿಲಾಗಿ ನಾಯಾಗಿ ಜನ್ಮಜನ್ಮಗಳಲ್ಲಿ ಅದರ ಫಲವನ್ನು ಉಣ್ಣುತ್ತಾರೆ. ಆದರೆ ಆ ವಾಕ್ಯ ಕಥೆಯ ಎಷ್ಟು ಭಾಗವನ್ನು ಹಿಡಿದೀತು? ಮಾವಟಿಗನ ಹಾಡಿಗೆ ಮನಸೋತ ರಾಣಿಯನ್ನು ಅದು ಮುಟ್ಟುವುದೇ ಇಲ್ಲ. ಅಹಿಂಸೆಯ ಹೆಸರಿನಲ್ಲಿ ಮಾಡಿಕೊಂಡ ರಾಜಿಯೇ ಬಲಿಯಾಗಿಬಿಟ್ಟ ವ್ಯಂಗ್ಯವನ್ನು ಪೂರ್ತಿಯಾಗಿ ಹೇಳುವುದಿಲ್ಲ. ಏಳು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1980ರಲ್ಲಿ, ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕ ಬರೆಯುವುದಕ್ಕೆ ಎಡೆಯಿದ್ದದ್ದು ನೀತಿವಾಕ್ಯದಿಂದ ಹೊರಗುಳಿದ ಆ ಭಾಗದಲ್ಲಿ. ನೀತಿಯೊಂದೇ ಕಥೆಯಾಗಿದ್ದರೆ ಜನ್ನನ ತರುವಾಯ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಸೋಜಿಗವೆಂದರೆ ಹಾಥಾರ್ನನೂ ಇದೇ ಪ್ರಶ್ನೆಯ ಮುಂದೆ ನಿಂತಿದ್ದ. 1837ರ ‘ಫ್ಯಾನ್ಸೀಸ್ ಷೋ ಬಾಕ್ಸ್’ ಎಂಬ ಬರೆಹದಲ್ಲಿ ಗೌರವಸ್ಥ ಮುದುಕನೊಬ್ಬನಿಗೆ ಕಲ್ಪನೆಯೆಂಬವಳು ಅವನು ಮನಸ್ಸಿನಲ್ಲಿ ಮಾತ್ರ ಎಸಗಿದ ಪಾಪಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾಳೆ. ಕೃತಿಗಿಳಿಯದ ಸಂಕಲ್ಪಕ್ಕೆ ಪೂರ್ಣಶಿಕ್ಷೆ ಇರಲಾರದೆಂದು ಹಾಥಾರ್ನ್ ಆಶಿಸುತ್ತಾನೆ. ಜನ್ನನಲ್ಲಿ ಆ ರಿಯಾಯಿತಿ ಇಲ್ಲ. ಕಡಲುಗಳಾಚೆಯ ಇಬ್ಬರು ಒಂದೇ ಪ್ರಶ್ನೆಗೆ ವಿರುದ್ಧವಾದ ಉತ್ತರಗಳನ್ನು ಕೊಟ್ಟರು. ಇದನ್ನು ನಮ್ಮ ಮಕ್ಕಳ ಮುಂದೆ ಅಕ್ಕಪಕ್ಕ ಇಟ್ಟು ನಿನ್ನ ಅಭಿಪ್ರಾಯವೇನು ಎಂದು ಕೇಳಿದರೆ ನೀತಿಶಿಕ್ಷಣ ಅಲ್ಲಿಯೇ ನಡೆದುಹೋಗುವುದಿಲ್ಲವೇ?

ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಮೀಸೆ ತಿರುವುವ ಹಂಬಲ ನನಗಿಲ್ಲ. ಜನ್ನನ ಲೋಕದಲ್ಲಿ ಕರ್ಮದ ಲೆಕ್ಕ ತಪ್ಪುವುದಿಲ್ಲ. ಸತ್ಯವನ್ನು ಅರಿತು ಹೇಳಬಲ್ಲ ಮುನಿಗಳಿದ್ದಾರೆ. ಬ್ರೌನನ ಕಾಡಿನಲ್ಲಿ ಹಾಗೆ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ, ಕಥೆಗಾರನಿಗೇ ಗೊತ್ತಿಲ್ಲ. ಈ ತಬ್ಬಿಬ್ಬು ಹಾಥಾರ್ನನಿಂದ ಕಲಿಯತಕ್ಕದ್ದೇ. ಮೆಲ್ವಿಲನ 1853ರ ಗುಮಾಸ್ತ ಬಾರ್ಟ್ಲ್‌ಬಿ ಹೇಳಿದ ಕೆಲಸವನ್ನೆಲ್ಲ ವಿನಯದಿಂದ ನಿರಾಕರಿಸುತ್ತ ಕೊನೆಗೆ ಸೆರೆಮನೆಯ ಗೋಡೆಯ ಬಳಿ ಸಾಯುತ್ತಾನೆ. ಅದಕ್ಕೆ ಯಾವ ನೀತಿಯನ್ನು ಬರೆಯುತ್ತೀರಿ? ಸೋಮಾರಿತನ ಕೂಡದು ಎಂದೇ?

ಮಾತು ಇಷ್ಟು ಬೆಳೆದದ್ದಕ್ಕೆ ಕಾರಣವಿದೆ. ನಮ್ಮ ಮಕ್ಕಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಾರೆ. ಕನ್ನಡ ಮನೆಯ ಮಾತು. ಬರೆಹದ ಕನ್ನಡವನ್ನು ಎಷ್ಟೋ ಮಕ್ಕಳು ಮುಟ್ಟುವುದು ಸಂಘದ ಈ ಸ್ಪರ್ಧೆಯ ನೆಪದಲ್ಲಿ ಮಾತ್ರ. ವರ್ಷಕ್ಕೊಮ್ಮೆ ಸಿಗುವ ಆ ಅವಕಾಶದಲ್ಲಿಯೂ ಕನ್ನಡವು ಬುದ್ಧಿ ಹೇಳುವ ಭಾಷೆಯಾಗಿ, ಇಂಗ್ಲಿಷ್ ಬೆರಗುಗೊಳಿಸುವ ಭಾಷೆಯಾಗಿ ಕಂಡರೆ ಮಗು ಯಾವುದನ್ನು ಆರಿಸೀತು? ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿಯವರು ಕನ್ನಡದ ಸಣ್ಣಕಥೆಯನ್ನು ಬೆಳೆಸಿದರು. ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳು ಕನ್ನಡದ ಕಥೆಗೆ ಹೊರಗಿನವರಾಗುವುದು ಅನ್ಯಾಯ.

ಆದ್ದರಿಂದ ಮುಂದಿನ ವರ್ಷದ ನಿಯಮಪಟ್ಟಿಯಿಂದ ಆ ಸಾಲನ್ನು ಹೊಡೆದುಹಾಕಲಿ. ಬದಲಿಗೆ ಹಿಟ್ಟಿನ ಕೋಳಿ ಕೂಗಿದ ಗಳಿಗೆಯವರೆಗಿನ ಕಥೆಯನ್ನು ಹೊಸಗನ್ನಡ ಗದ್ಯದಲ್ಲಿ, ಎರಡು ಪುಟಕ್ಕೆ ಮೀರದಂತೆ, ಮಕ್ಕಳ ಕೈಗೆ ಕೊಟ್ಟು ಮುಂದಿನದನ್ನು ಅವರೇ ಬರೆಯಲೆಂದು ಬಿಡೋಣ. ಇದರಿಂದ ತೀರ್ಪುಗಾರರ ಕೆಲಸ ಹೆಚ್ಚೀತೆಂಬುದು ನಿಜ. ಕೊನೆಯ ಸಾಲನ್ನು ನೋಡಿ ಅಂಕ ಹಾಕಲಾಗದೆ ಅವರು ಕಥೆಯನ್ನು ಪೂರ್ತಿ ಓದಬೇಕಾದೀತು.