‘ಪ್ರೈಸ್ ಪ್ಲೀಸ್’ ಎಂದವರೆಲ್ಲ ಗಿರಾಕಿಗಳೇ?

ಮೊದಲು ಒಂದು ಸೀರೆಯ ಲೆಕ್ಕ ಹಾಕೋಣ. ಸೂರತ್ತಿನ ಸಗಟು ವ್ಯಾಪಾರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ ಒಂದು ಫೋಟೊ ಬರುತ್ತದೆ. ಕೊರಿಯರ್ ಸೇರಿ 850 ರೂಪಾಯಿ ಎಂದಿಟ್ಟುಕೊಳ್ಳಿ. ಹಾಸನದಲ್ಲೋ ರಾಣೆಬೆನ್ನೂರಿನಲ್ಲೋ ಇರುವ ಗೃಹಿಣಿಯೊಬ್ಬರು ಅದಕ್ಕೆ 150 ಸೇರಿಸಿ, ‘ಸಿಂಗಲ್ ಪೀಸ್, 1000 ಫ್ರೀ ಶಿಪ್ಪಿಂಗ್’ ಎಂದು ಬರೆದು ತಮ್ಮ ಸ್ಟೇಟಸ್ಸಿಗೆ, ಇನ್‌ಸ್ಟಾಗ್ರಾಂಗೆ, ಓಣಿಯ ಗುಂಪಿಗೆ ಹಾಕುತ್ತಾರೆ. ಯಾರೋ ಒಬ್ಬರು ಫೋನ್‌ಪೇ ಮಾಡುತ್ತಾರೆ. ಇವರು 850 ಸೂರತ್ತಿಗೆ ಕಳಿಸುತ್ತಾರೆ, ಸೀರೆ ಅಲ್ಲಿಂದ ನೇರವಾಗಿ ಗಿರಾಕಿಯ ಮನೆ ಸೇರುತ್ತದೆ. ಅಂಗಡಿಯ ಅಡ್ವಾನ್ಸಿಲ್ಲ, ಬಾಡಿಗೆಯಿಲ್ಲ, ಮಾರದೆ ಉಳಿದ ಮಾಲಿನ ಚಿಂತೆಯಿಲ್ಲ. ಮಾರಿದ ಸೀರೆಯನ್ನು ಇವರು ಕೈಯಲ್ಲಿ ಮುಟ್ಟಿಯೂ ಇರುವುದಿಲ್ಲ. ತಿಂಗಳಿಗೆ ಮೂವತ್ತು ಸೀರೆ ಹೋದರೆ 4,500 ರೂಪಾಯಿ.

ಸಾಮಾಜಿಕ ಜಾಲತಾಣದಲ್ಲಿ ಪೋಸ್ಟ್ ಹಾಕಿ ದುಡಿಯಬಹುದೇ ಎಂಬ ಪ್ರಶ್ನೆಗೆ ಹೌದು ಎನ್ನುವವರೂ ಇಲ್ಲ ಎನ್ನುವವರೂ ಈ 4,500ನ್ನೇ ಹಿಡಿದು ವಾದಿಸಬಹುದು. ಹೌದು ಎನ್ನುವವರ ಮಾತು ಹೀಗೆ: ಈ ಹೆಣ್ಣುಮಗಳ ಮುಂದೆ ಇದ್ದ ಬೇರೆ ದಾರಿ ಯಾವುದು? ಬೆಳಿಗ್ಗೆಯೇ ಬಸ್ಸು ಹತ್ತಿ ಗಾರ್ಮೆಂಟ್ಸ್‌ಗೆ ಹೋಗಬೇಕು, ಇಲ್ಲವೇ ಸಾಲ ಮಾಡಿ ಪೇಟೆಯಲ್ಲಿ ಅಂಗಡಿ ಹಿಡಿಯಬೇಕು. ಮನೆಯಲ್ಲಿ ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಕ್ಕಳು ಇರುವಾಗ ಎರಡೂ ಸುಲಭವಲ್ಲ. ಯಾರ ಮುಂದೆಯೂ ಕೈಚಾಚದೆ ಮಗಳ ಟ್ಯೂಷನ್ ಫೀಸು ಕಟ್ಟುವ ಹೆಣ್ಣಿಗೆ ಆ ಹಣದ ತೂಕ ಬೇರೆಯೇ ಇರುತ್ತದೆ. ಅದನ್ನು ತಿಂಗಳ ಸಂಬಳದ ಪಕ್ಕ ಇಟ್ಟು ಅಳೆಯುವುದು ಹೊಟ್ಟೆ ತುಂಬಿದವರ ಲೆಕ್ಕಾಚಾರ.

ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಎದುರು ಪಕ್ಷದವರು ಗಡಿಯಾರ ತೋರಿಸುತ್ತಾರೆ. ಒಂದು ಸೀರೆ ಹೋಗಬೇಕಾದರೆ ಎಷ್ಟು ಜನ ‘ಪ್ರೈಸ್ ಪ್ಲೀಸ್’ ಅನ್ನಬೇಕು? ಪೋಸ್ಟಿನಲ್ಲೇ ಬೆಲೆ ಬರೆದಿದ್ದರೂ ಕೇಳುತ್ತಾರೆ. ‘ಬೇರೆ ಕಲರ್ ಇದೆಯಾ’, ‘ಬ್ಲೌಸ್ ಪೀಸ್ ತೋರಿಸಿ’, ‘ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ’, ಆಮೇಲೆ ‘ನಮ್ಮನೆಯವರನ್ನ ಕೇಳಿ ಹೇಳ್ತೀನಿ ಅಕ್ಕಾ’. ಅಲ್ಲಿಗೆ ಮೌನ. ರಾತ್ರಿ ಹನ್ನೊಂದಕ್ಕೂ ಉತ್ತರ ಕೊಡದಿದ್ದರೆ ಅದೇ ಫೋಟೊ ಹಾಕಿದ ಇನ್ನೊಬ್ಬರ ಬಳಿ ಗಿರಾಕಿ ಹೋಗಿರುತ್ತಾಳೆ. ಫೋನಿನಲ್ಲಿ ಕಂಡ ಮಾವಿನಚಿಗುರು ಬಣ್ಣ ಪೊಟ್ಟಣ ಬಿಚ್ಚಿದಾಗ ಇಟ್ಟಿಗೆ ಬಣ್ಣವಾಗಿರುವುದುಂಟು. ಅದಕ್ಕೇ ಈ ವ್ಯಾಪಾರದಲ್ಲಿ ‘ಓಪನಿಂಗ್ ವಿಡಿಯೊ ಕಡ್ಡಾಯ’ ಎಂಬ ಶಾಸನ ಹುಟ್ಟಿಕೊಂಡಿದೆ. ಪೊಟ್ಟಣ ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಚಿತ್ರೀಕರಿಸದಿದ್ದರೆ ಹರಕಲು ಸೀರೆಗೂ ಪರಿಹಾರವಿಲ್ಲ. ಸಗಟು ವ್ಯಾಪಾರಿ ಆ ನಿಯಮ ತೋರಿಸಿ ಕೈತೊಳೆದುಕೊಳ್ಳುತ್ತಾನೆ. ಆದರೆ ಕೊಂಡವಳು ನಾದಿನಿಯ ಓರಗಿತ್ತಿಯಾದರೆ ನಿಯಮ ಹೇಳುವುದು ಹೇಗೆ? ಸಾವಿರ ರೂಪಾಯಿ ವಾಪಸು ಕೊಡಬೇಕು. ಸೂರತ್ತಿಗೆ ಹೋದ 850 ಹೋದದ್ದೇ. ಹೆಚ್ಚುಕಡಿಮೆ ಆರು ಸೀರೆಯ ಲಾಭ ಅಲ್ಲಿಗೆ ಖಲಾಸ್.

ಇನ್ನೊಂದು ತೊಡಕು ಫೋಟೊದಲ್ಲೇ ಇದೆ. ಒಂದೇ ಚಿತ್ರ ಸೂರತ್ತಿನಿಂದ ಹೊರಟು ಕೈಯಿಂದ ಕೈಗೆ ದಾಟುತ್ತದೆ, ಪ್ರತಿ ಕೈಯೂ ನೂರು, ನೂರೈವತ್ತು ಸೇರಿಸುತ್ತದೆ. ಈಗ ಕೊಳ್ಳುವವರು ಆ ಚಿತ್ರವನ್ನು ಗೂಗಲ್ ಲೆನ್ಸಿಗೆ ಕೊಟ್ಟರೆ ಅದೇ ಸೀರೆ ಬೇರೆ ಎಲ್ಲೆಲ್ಲಿ, ಎಷ್ಟೆಷ್ಟಕ್ಕೆ ಇದೆ ಎಂದು ಎದುರಿಗೇ ಬಂದು ನಿಲ್ಲುತ್ತದೆ. ಮೂಲ ಬೆಲೆ ಗೊತ್ತಿಲ್ಲದಿರುವುದರ ಮೇಲೆ ನಿಂತ ಲಾಭ ಹೆಚ್ಚು ದಿನ ಬಾಳುವುದಿಲ್ಲ.

ಹಾಗಾಗಿಯೇ ಬೆಂಗಳೂರಿನ ಮೀಶೊದ ಇತಿಹಾಸವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. 2015ರಲ್ಲಿ ಹುಟ್ಟಿದ ಈ ಕಂಪನಿ ಮೇಲಿನ ಸೀರೆ ವ್ಯಾಪಾರವನ್ನೇ ಆ್ಯಪ್ ಮಾಡಿತು. ಕ್ಯಾಟಲಾಗು ಅವರದು, ಸಾಗಣೆ ಅವರದು, ಹಣ ವಸೂಲಿಯೂ ಅವರದು. ಮಾರುವವರು ತಮ್ಮ ಲಾಭ ಸೇರಿಸಿ ಪರಿಚಯದವರಿಗೆ ಚಿತ್ರ ಕಳಿಸಿದರೆ ಸಾಕು, ಲಾಭ ಬ್ಯಾಂಕ್ ಖಾತೆಗೆ ಬೀಳುತ್ತಿತ್ತು. ಆ ಮಾದರಿ ಎಷ್ಟು ಕಣ್ಣಿಗೆ ಬಿತ್ತೆಂದರೆ, 2019ರಲ್ಲಿ ಫೇಸ್‌ಬುಕ್ ಭಾರತದ ನವೋದ್ಯಮವೊಂದರಲ್ಲಿ ಮೊದಲ ಸಲ ಹಣ ಹೂಡಿದ್ದು ಇದೇ ಕಂಪನಿಯಲ್ಲಿ. ಅದೇ ದಾರಿಯಲ್ಲಿ ನಡೆದ ಬೆಂಗಳೂರಿನ ಇನ್ನೊಂದು ಕಂಪನಿ ಗ್ಲೋರೋಡನ್ನು 2022ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಅಷ್ಟರಲ್ಲಿ ಮೀಶೊ ಹೊರಳಿತ್ತು. ನಡುವಿನವರನ್ನು ನೆಚ್ಚದೆ ಕೊಳ್ಳುವವರನ್ನೇ ನೇರವಾಗಿ ಆ್ಯಪಿಗೆ ಕರೆದುಕೊಳ್ಳುವ ಕಡೆಗೆ ಅದರ ಗಮನ ಹೋಯಿತು. ಪಕ್ಕದ ಮನೆಯಾಕೆಗೆ ಆ್ಯಪಿನ ಹೆಸರು ಗೊತ್ತಾದ ಮೇಲೆ ಅವಳು 150 ಹೆಚ್ಚಿಗೆ ಏಕೆ ಕೊಟ್ಟಾಳು?

ಇದನ್ನು ಮೋಸ ಎನ್ನುವುದು ತಪ್ಪಾಗುತ್ತದೆ. ಕೊಳ್ಳುವವಳಿಗೆ ಸೀರೆ ಅಗ್ಗವಾಯಿತು, ಅವಳೂ ಮಧ್ಯಮ ವರ್ಗದ ಗೃಹಿಣಿಯೇ. ಆದರೆ ಓಣಿಓಣಿಯಲ್ಲಿ ಆನ್‌ಲೈನ್ ಖರೀದಿಯ ಮೇಲೆ ನಂಬಿಕೆ ಮೂಡಿಸಿದವರು ಯಾರೋ, ಆ ನಂಬಿಕೆಯ ಬೆಳೆ ಕೊಯ್ದವರು ಇನ್ಯಾರೋ. ಅದೇ ಅವಧಿಯಲ್ಲಿ ಕೆಲವರು ಗಿರಾಕಿಗಳ ರುಚಿ ತಿಳಿದುಕೊಂಡು ಸ್ವಂತ ದಾಸ್ತಾನು ಇಟ್ಟರು, ಲೈವ್‌ನಲ್ಲಿ ಸೀರೆ ಬಿಚ್ಚಿ ತೋರಿಸುವುದನ್ನು ಕಲಿತರು, ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡರು. ಅವರನ್ನು ಕೇಳಿದರೆ ಮೊದಲ ವರ್ಷಗಳ ಆ ಪೋಸ್ಟುಗಳೇ ತಮಗೆ ಪಾಠಶಾಲೆ ಎನ್ನುತ್ತಾರೆ. ಎರಡೂ ನಿಜ.

ಮಾರಲು ಸರಕಿಲ್ಲದೆ ಪೋಸ್ಟನ್ನೇ ಸರಕು ಮಾಡಿಕೊಂಡವರ ಕತೆ ಬೇರೆ. ಇಲ್ಲಿ ಯುಟ್ಯೂಬ್ ಒಂದೇ ಸ್ವಲ್ಪ ಬಿಚ್ಚುಮಾತಿನ ಯಜಮಾನ. 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇಲ್ಲವೇ ತೊಂಬತ್ತು ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆದರೆ ಜಾಹೀರಾತಿನ ಹಣದಲ್ಲಿ ಪಾಲು ಸಿಗುತ್ತದೆ. ಉದ್ದದ ವಿಡಿಯೊಗೆ 55 ಪ್ರತಿಶತ, ಶಾರ್ಟ್ಸ್‌ಗೆ 45. ಖಾತೆಯಲ್ಲಿ 100 ಡಾಲರ್ ಸೇರುವ ತನಕ ಹಣ ಕೈಗೆ ಬಾರದು. ಕೇಳಲು ಉದಾರವಾಗಿಯೇ ಇದೆ. ಆದರೆ ಅದು ಯಾವುದರ 55 ಪ್ರತಿಶತ ಎಂದು ಕೇಳಬೇಕು. ಅಮೆರಿಕದ ವೀಕ್ಷಕನಿಗೆ ಜಾಹೀರಾತುದಾರ ಕೊಡುವ ದರ ಕೊಪ್ಪಳದ ವೀಕ್ಷಕನಿಗೆ ಸಿಗುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಂತೂ ಇಂಥ ನಿಗದಿಯಾದ ಪಾಲನ್ನು ನೆಚ್ಚುವಂತಿಲ್ಲ. ಅಲ್ಲಿ ಹಣ ಬರುವುದಿದ್ದರೆ ಬ್ರ್ಯಾಂಡುಗಳಿಂದ.

ಬ್ರ್ಯಾಂಡುಗಳೂ ಮೊದಮೊದಲು ಹಣ ಕೊಡುವುದಿಲ್ಲ, ‘ಕೊಲಾಬ್’ ಮಾಡೋಣ ಎನ್ನುತ್ತವೆ. ಹೊಸ ಹೋಟೆಲಿನಲ್ಲಿ ಪುಕ್ಕಟೆ ಊಟ, ಪಾರ್ಲರಿನಲ್ಲಿ ಪುಕ್ಕಟೆ ಫೇಶಿಯಲ್, ಬದಲಿಗೆ ಒಂದು ರೀಲು. ಫೇಶಿಯಲ್ಲಿನಿಂದ ಮನೆ ಬಾಡಿಗೆ ಕಟ್ಟಲಾಗದು. ಆದಾಯ ತೆರಿಗೆಯವರಿಗೆ ಮಾತ್ರ ಅದೂ ಆದಾಯವೇ. ವ್ಯವಹಾರಕ್ಕಾಗಿ ಒಂದು ಕಡೆಯಿಂದ ವರ್ಷಕ್ಕೆ 20,000 ರೂಪಾಯಿಗೆ ಮೇಲ್ಪಟ್ಟ ಇಂಥ ಉಡುಗೊರೆ ಬಂದರೆ ಶೇ 10 ಟಿಡಿಎಸ್ ಹಿಡಿಯಬೇಕೆಂಬ ನಿಯಮ 2022ರ ಜುಲೈಯಲ್ಲಿ ಜಾರಿಗೆ ಬಂತು.

ಈ ಬಗೆಯ ದುಡಿಮೆ ಸುಳ್ಳು ಎಂದು ಹೇಳುವವರ ಬಾಯಿ ಮುಚ್ಚಿಸಲು ಎಲ್ಲರೂ ಡಾ. ಬ್ರೋ ಹೆಸರು ತೆಗೆಯುತ್ತಾರೆ. ಕನ್ನಡದಲ್ಲೇ ಮಾತಾಡುತ್ತ ದೇಶ ದೇಶ ತಿರುಗಿದ ಗಗನ್ ಶ್ರೀನಿವಾಸ್ ಅವರನ್ನು ಕಂಡು ಎಷ್ಟೋ ಹುಡುಗರು ಕ್ಯಾಮೆರಾ ಹಿಡಿದದ್ದು ಸುಳ್ಳಲ್ಲ. ಕನ್ನಡಕ್ಕೆ ಮಾರುಕಟ್ಟೆ ಇಲ್ಲ ಎಂಬ ಹಳೆಯ ಗೊಣಗಾಟಕ್ಕೆ ಅವರ ಚಾನೆಲ್ ಒಳ್ಳೆಯ ಉತ್ತರ. ಆದರೆ ಅವರೂ ಮುಂದೆ ‘ಗೋ ಪ್ರವಾಸ’ ಎಂಬ ಪ್ರವಾಸ ಸಂಸ್ಥೆಯನ್ನು ಕಟ್ಟಿದ್ದನ್ನು ಈ ವಾದ ಮಾಡುವವರು ಮರೆಯುತ್ತಾರೆ. ಅಷ್ಟು ಜನ ನೋಡುವ ಚಾನೆಲಿನ ಬೆನ್ನಿಗೂ ಮಾರಲು ಒಂದು ಸೇವೆ ಬಂದು ನಿಂತಿತು. ನನ್ನ ಅನಿಸಿಕೆಯೂ ಅಲ್ಲೇ ಇದೆ: ಪೋಸ್ಟು ಹಣ ತರುವುದಿಲ್ಲ, ಪೋಸ್ಟಿನ ಹಿಂದೆ ಸರಕೋ ಕಸುಬೋ ಇದ್ದರೆ ಅದಕ್ಕೆ ಗಿರಾಕಿಯನ್ನು ತರುತ್ತದೆ.

ಇನ್ನೊಬ್ಬರ ಪರವಾಗಿ ಪೋಸ್ಟ್ ಹಾಕುವವರನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ದಾವಣಗೆರೆ, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ದಂತವೈದ್ಯರ, ಚಿನ್ನದಂಗಡಿಯ, ಪಿಯು ಕಾಲೇಜಿನ ಪೇಜುಗಳನ್ನು ನೋಡಿಕೊಳ್ಳುವ ಹುಡುಗ ಹುಡುಗಿಯರಿದ್ದಾರೆ. ತಿಂಗಳಿಗಿಷ್ಟು ಎಂದು ಮಾತು. ರೀಲಿಗೆ ಎಷ್ಟು ಜನ ಬಂದರು ಎಂಬುದರ ಮೇಲೆ ಇವರ ಊಟ ನಿಂತಿಲ್ಲ, ಹಾಗಾಗಿ ಇರುವುದರಲ್ಲಿ ಭದ್ರವಾದ ಗಳಿಕೆ ಇವರದೇ. ಅವಮಾನವೂ ಇದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಮಾಲೀಕರ ಕೈಮುಗಿದ ಫೋಟೊ ಹಾಕಿ ಶುಭಾಶಯದ ಪೋಸ್ಟರ್ ಮಾಡುವುದೇ ದೊಡ್ಡ ಕೆಲಸವಾಗಿಬಿಡುತ್ತದೆ. ತಿಂಗಳ ಕೊನೆಗೆ ಮಾಲೀಕರು ಕೇಳುವುದು ‘ಎಷ್ಟು ಲೈಕ್ ಬಂತು’ ಎಂದೇ ಹೊರತು, ಪೋಸ್ಟ್ ನೋಡಿ ಎಷ್ಟು ಜನ ಅಂಗಡಿಗೆ ಬಂದರು ಎಂದಲ್ಲ. ಕ್ಯಾನ್ವಾ ಬಂದ ಮೇಲೆ, ಅದರ ಹಿಂದೆಯೇ ಎಐ ಬಂದ ಮೇಲೆ, ‘ಇದನ್ನ ನನ್ನ ಅಳಿಯನೇ ಮಾಡ್ತಾನೆ ಬಿಡಿ’ ಎಂಬ ಮಾತು ಹೆಚ್ಚಾಗಿದೆ. ಪೋಸ್ಟರ್ ಅಳಿಯ ಮಾಡಿಯಾನು. ಯಾವ ಊರಿನ ಯಾವ ವಯಸ್ಸಿನವರಿಗೆ ಜಾಹೀರಾತು ತೋರಿಸಬೇಕು, ಬಂದ ಫೋನ್ ಕರೆಗಳಲ್ಲಿ ನಿಜವಾದ ಗಿರಾಕಿ ಯಾರು ಎಂದು ತಿಂಗಳುಗಟ್ಟಲೆ ಲೆಕ್ಕ ಇಡುವವರು ಕಡಿಮೆ. ಉಳಿದುಕೊಳ್ಳುವವರು ಅವರೇ.

‘ಮನೆಯಲ್ಲೇ ಕುಳಿತು ದುಡಿಯಿರಿ’ ಎಂಬ ಆಹ್ವಾನದ ಕೊಳಕು ಮುಖದ ಬಗ್ಗೆ ಎರಡು ಮಾತು ಸಾಕು. ಟೆಲಿಗ್ರಾಂನಲ್ಲಿ ವಿಡಿಯೊಗೆ ಲೈಕ್ ಒತ್ತಿದರೆ ಹಣ ಎಂದು ಮೊದಲು ಸ್ವಲ್ಪ ಕೊಟ್ಟು, ಆಮೇಲೆ ‘ಟಾಸ್ಕ್’ ಹೆಸರಲ್ಲಿ ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುವ ವಂಚನೆ ಎಷ್ಟು ಹಬ್ಬಿತೆಂದರೆ, 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಿಸಿತು. ತಿಂಗಳಿಗೆ ಲಕ್ಷ ಗಳಿಸುವುದನ್ನು ಕಲಿಸುತ್ತೇವೆ ಎನ್ನುವ ಕೋರ್ಸುಗಳಲ್ಲಿ ಬಹುಪಾಲು ಗಳಿಕೆ ಕೋರ್ಸು ಮಾರುವವರದೇ. ಪೋಸ್ಟ್ ಹಾಕುವವರ ನಾಲಗೆಗೂ ಈಗ ಕಡಿವಾಣವಿದೆ. ಹಣ ಪಡೆದು ಹೊಗಳುತ್ತಿದ್ದೇನೆ ಎಂಬುದನ್ನು ಮುಚ್ಚಿಟ್ಟು ದಾರಿತಪ್ಪಿಸಿದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ನೆಲ ಯಾರದು ಎಂಬುದೇ ಈ ವ್ಯಾಪಾರದ ಆಳದ ಭಯ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡಿನಲ್ಲಿ ಬಂಧುಮಿತ್ರರ ಪೋಸ್ಟುಗಳಿಗೆ ಮೊದಲ ಮಣೆ ಎಂದಿತು. ವರ್ಷಗಟ್ಟಲೆ ಬೆಳೆಸಿದ ವ್ಯಾಪಾರದ ಪೇಜುಗಳು ಹಿಂದೆ ಸರಿದವು, ಮುಂದೆ ಬರಬೇಕಾದರೆ ‘ಬೂಸ್ಟ್’ಗೆ ದುಡ್ಡು ಕೊಡಬೇಕಾಯಿತು, ಅದರ ಮೇಲೆ ಶೇ 18 ಜಿಎಸ್‌ಟಿ. 2020ರ ಜೂನ್ 29ರ ರಾತ್ರಿ ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಹಿಂಬಾಲಕರಿದ್ದವರು ಬೆಳಗಾಗುವುದರೊಳಗೆ ಬರಿಗೈಯಾದರು. ನಿಷೇಧಕ್ಕೆ ದೇಶದ ಭದ್ರತೆಯ ಕಾರಣವಿತ್ತು, ಅದು ಬೇರೆ ಮಾತು. ನೆಲ ಕುಸಿದದ್ದಂತೂ ನಿಜ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಕಣ್ಣುಮುಚ್ಚಿದವು. ದಸರೆಗೆ ಇನ್ನು ಕೆಲವೇ ದಿನವಿದ್ದ ಹೊತ್ತು ಅದು.

ಇದಕ್ಕೆ ಹೌದು ಎನ್ನುವವರ ಪ್ರತ್ಯುತ್ತರ ಗಟ್ಟಿಯಾಗಿಯೇ ಇದೆ. ಯಾವ ವ್ಯಾಪಾರದಲ್ಲಿ ನೆಲ ಸ್ವಂತದ್ದಾಗಿತ್ತು ಹೇಳಿ? ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಗುತ್ತದೆ, ಕಟ್ಟಡದ ಮಾಲೀಕ ಬಾಡಿಗೆ ಏರಿಸಿದರೆ ಖಾಲಿ ಮಾಡಬೇಕು, ಟೊಮೆಟೊ ಬೆಳೆದವನು ಕೋಲಾರದ ಎಪಿಎಂಸಿಯಲ್ಲಿ ಅಂದಿನ ದರಕ್ಕೆ ತಲೆಬಾಗಬೇಕು. ಆ ನಷ್ಟಗಳಲ್ಲಿ ಹಾಕಿದ ಬಂಡವಾಳ ಹೋಗುತ್ತದೆ, ಇಲ್ಲಿ ಹೋಗುವುದು ಹೆಚ್ಚೆಂದರೆ ಸಮಯ. ಸಮಯಕ್ಕೆ ಬೆಲೆಯಿಲ್ಲವೇ ಎಂದು ನಾನು ಕೇಳಬಹುದು. ಆದರೆ ಆ ಸಮಯಕ್ಕೆ ಬೇರೆ ಯಾರೂ ಬೆಲೆ ಕೊಡದ ಊರಿನಲ್ಲಿ ಕುಳಿತವರಿಗೆ ನನ್ನ ಪ್ರಶ್ನೆ ಪೊಳ್ಳಾಗಿ ಕೇಳಿಸೀತು.

ಲೆಕ್ಕಪತ್ರದ ವಿಷಯದಲ್ಲಿ ಮಾತ್ರ ಯಾರೂ ಉದಾಸೀನ ಮಾಡುವ ಹಾಗಿಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಸೀರೆ ಮಾರುವಾಕೆಯ ಖಾತೆಗೆ ಬರುವುದು ಸಾವಿರ, ಅವಳದಾಗಿ ಉಳಿಯುವುದು 150. ಮೇಲಿನಿಂದ ನೋಡುವವರಿಗೆ ಕಾಣುವುದು ಸಾವಿರವೇ. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂದು ಅವರಿವರು ಧೈರ್ಯ ಹೇಳುತ್ತಾರೆ. ಹೊರರಾಜ್ಯಕ್ಕೆ ಸರಕು ಮಾರಿದರೆ ಆ ಮಿತಿಯ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ಇನ್‌ಸ್ಟಾಗ್ರಾಂ ನೋಡುವ ಗಿರಾಕಿ ಹೈದರಾಬಾದಿನಲ್ಲೂ ಇರುತ್ತಾಳೆ.

ಇಷ್ಟೆಲ್ಲ ತೂಗಿದ ಮೇಲೂ ನನಗೆ ತಕ್ಕಡಿ ನಿಲ್ಲದಿರುವುದು ಇಳಕಲ್‌ನಂಥ ಊರಿನ ವಿಷಯದಲ್ಲಿ. ಅಲ್ಲಿ ಸರಕು ಸ್ವಂತದ್ದು, ಕಸುಬು ಸ್ವಂತದ್ದು. ಟೋಪಿ ತೆನೆ ಸೆರಗಿನ ಅಸಲಿ ಕೈಮಗ್ಗದ ಸೀರೆಗೂ ಅದರ ಹೋಲಿಕೆಯ ಅಗ್ಗದ ಪ್ರಿಂಟಿಗೂ ಇರುವ ವ್ಯತ್ಯಾಸವನ್ನು ಒಂದು ನಿಮಿಷದ ವಿಡಿಯೊದಲ್ಲಿ ತೋರಿಸಬಲ್ಲವನು ನೇಕಾರನೇ. ನಡುವಿನ ವ್ಯಾಪಾರಿಗೆ ಹೋಗುತ್ತಿದ್ದ ಪಾಲು ಅವನಿಗೆ ಉಳಿಯಬಹುದು. ಆದರೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವನು ‘ಪ್ರೈಸ್ ಪ್ಲೀಸ್’ಗಳಿಗೆ ಉತ್ತರ ಕೊಡಲಾರ. ಆ ಕೆಲಸ ಮನೆಯ ಕಾಲೇಜು ಓದುವ ಮಗಳ ಪಾಲಿಗೋ ಸೊಸೆಯ ಪಾಲಿಗೋ ಬರುತ್ತದೆ. ಕಂಡಿಕೆ ಸುತ್ತುವ ಹೆಂಗಸರ ದುಡಿಮೆಯನ್ನು ಸೀರೆಯ ಬೆಲೆಯಲ್ಲಿ ಬೇರೆಯಾಗಿ ಎಣಿಸಿದವರು ಕಡಿಮೆ. ಈಗ ಫೋನು ಹಿಡಿದು ಕುಳಿತವಳ ಗಂಟೆಗಳನ್ನಾದರೂ ಎಣಿಸುತ್ತಾರೆಯೇ ಎಂಬುದು ಗೊತ್ತಾದರೆ, ಪೋಸ್ಟಿನಿಂದ ಆ ಮನೆಗೆ ಲಾಭವಾಯಿತೇ ಎಂದು ಹೇಳಬಹುದು.