ಸಂಪ್‌ನ ಮುಚ್ಚಳ: ಭಾರವೇ ಭದ್ರತೆಯಲ್ಲ

ನಂಜನಗೂಡಿನ ಮಗ್ಗುಲಲ್ಲೇ ಕಪಿಲೆ ಹರಿಯುತ್ತಾಳೆ. ತಿರುಮಕೂಡಲು ನರಸೀಪುರದಲ್ಲಿ ಆಕೆ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ನದಿ ದಂಡೆಯ ಈ ಎರಡು ಪಟ್ಟಣಗಳಲ್ಲೂ ಮನೆ ಕಟ್ಟಲು ಹೊರಟವರು ಮೊದಲು ಯೋಚಿಸುವುದು ನೀರಿನ ಸಂಪ್‌ನ ಬಗ್ಗೆ. ನಲ್ಲಿಯಲ್ಲಿ ನೀರು ಬಂದ ಹೊತ್ತಿನಲ್ಲಿ ಹಿಡಿದಿಟ್ಟುಕೊಂಡು, ಪಂಪ್ ಮೂಲಕ ತಾರಸಿಯ ಟ್ಯಾಂಕಿಗೆ ಏರಿಸಿ, ಬೇಕಾದಾಗ ಬಳಸುವುದು ನಮ್ಮ ಊರುಗಳಿಗೆಲ್ಲ ರೂಢಿಯಾಗಿಬಿಟ್ಟಿದೆ. ಸಂಪ್ ಎಷ್ಟು ಲೀಟರಿನದಾಗಿರಬೇಕು, ಒಳಗೋಡೆಗೆ ಎಂಥ ಗಾರೆ ಬಳಿಯಬೇಕು ಎಂದು ಮೇಸ್ತ್ರಿಯೊಡನೆ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಅದರ ಬಾಯಿಗೆ ಎಂಥ ಮುಚ್ಚಳ ಬೇಕು ಎಂಬ ಪ್ರಶ್ನೆಗೆ ಮಾತ್ರ ಆ ಚರ್ಚೆಯಲ್ಲಿ ಸ್ಥಾನವಿರುವುದಿಲ್ಲ. ಕಡೆಯ ದಿನ ಕೈಗೆ ಸಿಕ್ಕ ಚಪ್ಪಡಿಯೋ ತಗಡೋ ಅಲ್ಲಿಗೆ ಬಂದು ಕೂರುತ್ತದೆ.

ನಮ್ಮ ಕುಟುಂಬಕ್ಕೆ ಈ ಪ್ರಶ್ನೆ ಈಚೆಗೆ ಎದುರಾಗಿದೆ. ನಂಜನಗೂಡಿನ ನಮ್ಮ ಮನೆಯ ಸಂಪ್‌ನ ಮೇಲೆ ಕಾಂಕ್ರೀಟ್ ಚಪ್ಪಡಿ ಇದೆ. ನರಸೀಪುರದಲ್ಲಿ ಒಬ್ಬರೇ ಇರುವ, ಎಪ್ಪತ್ತು ದಾಟಿದ ನಮ್ಮಕ್ಕನ ಮನೆಯಲ್ಲೂ ಅಂಥದೇ ಇದೆ. ಚಪ್ಪಡಿಯನ್ನು ತೆಗೆದು, ಕೀಲಿನ ಮೇಲೆ ತಿರುಗುವ ಕಬ್ಬಿಣದ ಮುಚ್ಚಳ ಕೂರಿಸಿ, ಎತ್ತುವುದು ಹಗುರಾಗುವಂತೆ ಹಿಂಬದಿಗೆ ಎದುರುತೂಕ ಕಟ್ಟಿಕೊಡುತ್ತೇನೆ ಎಂದು ವೆಲ್ಡಿಂಗ್ ಕೆಲಸದವರೊಬ್ಬರು ಹೇಳಿದ್ದಾರೆ. ಮಾಡಿಸುವುದೋ ಬೇಡವೋ ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ವಿಷಯ ಸಣ್ಣದೆಂದು ತೋರಬಹುದು. ಆದರೆ ಪ್ರತಿ ಮನೆಯ ಅಂಗಳದಲ್ಲೂ ಇರುವ ಈ ಎರಡಡಿಯ ಬಾಯಿ, ಸಾರ್ವಜನಿಕ ಚರ್ಚೆಗೆ ಯೋಗ್ಯವಾದ ವಿಷಯವೆಂದೇ ನನ್ನ ಭಾವನೆ.

ಬೇಡವೆನ್ನುವವರ ವಾದ ತಳ್ಳಿಹಾಕುವಂಥದಲ್ಲ. ದೊಡ್ಡವರೇ ತಿಣುಕಿ ಸರಿಸಬೇಕಾದ ಚಪ್ಪಡಿಯನ್ನು ಮೂರು ವರ್ಷದ ಮಗು ಎತ್ತಲಾರದು. ಒಂದೇ ಕೈಗೆ ಏಳುವ ಮುಚ್ಚಳವನ್ನು ಎತ್ತಿಬಿಡಬಹುದು. ಅಪಾಯದ ಬಾಗಿಲನ್ನು ಹಗುರ ಮಾಡುವುದು ಜಾಣತನವೇ? ರಜೆಗೆ ಮೊಮ್ಮಕ್ಕಳು ಬರುವ ಮನೆಯಲ್ಲಿ ಭಾರವೇ ಬೀಗವಲ್ಲವೇ? ಹೀಗೆ ಕೇಳುವ ಹಿರಿಯರ ಕಾಳಜಿ ಪ್ರಾಮಾಣಿಕವಾದದ್ದು. ಎದುರುತೂಕವನ್ನಷ್ಟೇ ಕಟ್ಟಿಸಿ, ಬೀಗವಿಲ್ಲದೆ ಬಿಡುವುದಾದರೆ ನಾನೂ ಅವರ ಪಕ್ಷವನ್ನೇ ವಹಿಸುತ್ತೇನೆ.

ಆದರೆ ಭಾರದ ಲೆಕ್ಕವನ್ನು ಒಮ್ಮೆ ನೋಡಬೇಕು. ಎರಡು ಅಡಿ ಉದ್ದಗಲದ, ಎರಡು ಅಂಗುಲ ದಪ್ಪದ ಕಾಂಕ್ರೀಟ್ ಚಪ್ಪಡಿ ಸುಮಾರು 45 ಕಿಲೊ ತೂಗುತ್ತದೆ. ಕಲ್ಲಿನದಾದರೆ ಇನ್ನೂ ಹೆಚ್ಚು. ಸಿಮೆಂಟ್ ಮೂಟೆಯೊಂದು 50 ಕಿಲೊ. ಅಂದರೆ ನೀರು ಬಂದಿದೆಯೇ ಎಂದು ನೋಡಬೇಕಾದಾಗಲೆಲ್ಲ ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆಯನ್ನು ಬಗ್ಗಿ ಎತ್ತಬೇಕು. ಎಪ್ಪತ್ತರ ಹೆಂಗಸು ಅದನ್ನು ಮಾಡಲಾರರು, ಮಾಡಲೂಬಾರದು. ಆಗ ಏನಾಗುತ್ತದೆ? ಪಕ್ಕದ ಮನೆಯ ಹುಡುಗನನ್ನು ಕರೆದು ಚಪ್ಪಡಿಯನ್ನು ಅರ್ಧ ಸರಿಸಿಡಲಾಗುತ್ತದೆ. ನೀರು ತುಂಬುವವರೆಗೆ ಅದು ಹಾಗೆಯೇ ಇರುತ್ತದೆ. ಹುಡುಗ ಕೆಲಸಕ್ಕೆ ಹೋದರೆ ಸಂಜೆಯವರೆಗೂ ಇರುತ್ತದೆ. ಕೆಲವು ಮನೆಗಳಲ್ಲಿ ಚಪ್ಪಡಿಯ ಸಹವಾಸವೇ ಬೇಡವೆಂದು ಪ್ಲೈವುಡ್ ಹಲಗೆಯನ್ನೋ ತುಕ್ಕು ಹಿಡಿದ ತಗಡನ್ನೋ ಮುಚ್ಚಿರುತ್ತಾರೆ. ಮೇಲೊಂದು ಕಾಲುಚೀಲ ಹಾಸಿದರೆ ಅಡಿಯಲ್ಲಿ ಆಳುದ್ದದ ನೀರಿದೆಯೆಂದು ಹೊಸಬರಿಗೆ ತಿಳಿಯುವುದೇ ಇಲ್ಲ.

ಮಕ್ಕಳು ಸಂಪ್‌ಗೆ ಬೀಳುವುದು ಮುಚ್ಚಿದ ಚಪ್ಪಡಿಯನ್ನು ಎತ್ತಿ ಅಲ್ಲ. ದೊಡ್ಡವರು ತೆರೆದು ಬಿಟ್ಟುಹೋದ ಬಾಯಿಯ ಮೂಲಕ, ಇಲ್ಲವೇ ಕಾಲಿಟ್ಟೊಡನೆ ಕುಸಿಯುವ ತಗಡಿನ ಮೂಲಕ. ಆದುದರಿಂದ ಮುಚ್ಚಳದ ಭದ್ರತೆಯನ್ನು ಅಳೆಯಬೇಕಾದುದು ಅದರ ತೂಕದಿಂದಲ್ಲ, ಅದು ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದರಿಂದ. ಎತ್ತಲು ಕಷ್ಟವಾದದ್ದನ್ನು ಮರಳಿ ಮುಚ್ಚುವುದೂ ಕಷ್ಟವೇ. ಮನುಷ್ಯರು ಕಷ್ಟದ ಕೆಲಸವನ್ನು ಮುಂದೂಡುತ್ತಾರೆ. ಸುಲಭವಾಗಿ ತೆರೆಯುವ ಮುಚ್ಚಳವೇ ತಪ್ಪದೆ ಮುಚ್ಚುವ ಮುಚ್ಚಳವೂ ಆಗಿರುತ್ತದೆ.

ನಮ್ಮ ಹಿಂದಿನವರಿಗೆ ಈ ವಿವೇಕ ಇತ್ತು. ಸೇದುವ ಬಾವಿಗೆ ಸೊಂಟದೆತ್ತರದ ಕಟ್ಟೆ ಇರುತ್ತಿತ್ತು. ನೀರೆತ್ತುವ ಶ್ರಮವನ್ನು ರಾಟೆ ಹಗುರ ಮಾಡುತ್ತಿತ್ತು. ಕೆಲಸ ಹಗುರಾಯಿತೆಂದು ಕಟ್ಟೆಯನ್ನು ಯಾರೂ ಒಡೆಯಲಿಲ್ಲ. ಏತದ ಹಿಂಬದಿಗೆ ಕಲ್ಲು ಕಟ್ಟಿ ಮುಂಬದಿಯ ಭಾರವನ್ನು ನೀಗಿಸಿಕೊಂಡ ರೈತನಿಗೆ ಎದುರುತೂಕದ ಮುಚ್ಚಳ ಹೊಸ ವಿದ್ಯೆಯೇನಲ್ಲ. ಬಾವಿ ಹೋಗಿ ಸಂಪ್ ಬಂದಾಗ ಕಟ್ಟೆಯೂ ಹೋಯಿತು, ರಾಟೆಯೂ ಹೋಯಿತು. ಬಾವಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಸಂಪ್ ಕಾರು ನಿಲ್ಲುವ ಜಾಗದ ಅಡಿಯಲ್ಲಿ ಅಡಗಿದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಅಂಥ ಸಂದರ್ಭದಲ್ಲಿ ನೆಲಮಟ್ಟಕ್ಕೇ ಕೂತ, ಬಿರುಕು ಬಿಟ್ಟ ಮುಚ್ಚಳವಿದ್ದರೆ ಬೀದಿಯ ಕೊಳಕೆಲ್ಲ ಕುಡಿಯುವ ನೀರಿಗೆ ಸೇರುತ್ತದೆ. ಬಾಯಿಯ ಸುತ್ತ ಅರ್ಧ ಅಡಿಯ ಕಟ್ಟೆಯಿದ್ದರೆ ಮಳೆಗಾಲದ ಅಂಗಳದ ನೀರಾದರೂ ಹೊರಗೆ ನಿಲ್ಲುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ನೀರಿಗಿಂತ ನಿಂತ ತಿಳಿನೀರನ್ನೇ ಬಯಸುತ್ತದೆ. ಅದರ ಮೊಟ್ಟೆಗಳು ತೊಟ್ಟಿಯ ಗೋಡೆಗಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ನೀರು ಸಿಕ್ಕರೆ ವಾರ ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹೊರಬೀಳುತ್ತವೆ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಮಾಡಿಕೊಡುವ ಮನೆಗಳಿಗೆ ನಗರ ಪ್ರದೇಶದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಸಂಪ್ ಮುಚ್ಚಿರಬೇಕೆಂಬುದು ಹೀಗೆ ಕಾನೂನಿನ ಮಾತೂ ಆಗಿದೆ. ಆದರೆ ದಂಡದ ಭಯದಿಂದ 45 ಕಿಲೊ ಹಗುರಾಗುವುದಿಲ್ಲ. ವಾರಕ್ಕೊಮ್ಮೆ ತೆರೆದು ಪರೀಕ್ಷಿಸಿ ಎಂದು ಹೇಳುವವರು, ಯಾರು ತೆರೆಯಬೇಕು, ಹೇಗೆ ತೆರೆಯಬೇಕು ಎಂಬುದನ್ನೂ ಯೋಚಿಸಬೇಕು.

ಹೊರಗಿನ ಅನುಭವವೂ ಇಲ್ಲಿ ಉಪಯುಕ್ತ. ಅಮೆರಿಕದ ಮನೆಗಳ ಹಿತ್ತಿಲಿನಲ್ಲಿ ಬಿಸಿನೀರಿನ ದೊಡ್ಡ ತೊಟ್ಟಿಗಳಿರುತ್ತವೆ. ಅವರು ಅದನ್ನು ಹಾಟ್ ಟಬ್ ಎನ್ನುತ್ತಾರೆ. ಅದರ ಫೋಮ್ ಹೊದಿಕೆ ವರ್ಷಗಳು ಕಳೆದಂತೆ ನೀರು ಹೀರಿ ಭಾರವಾಗುತ್ತದೆ. ಹಾಗಾಗಿ ಅದನ್ನು ಎತ್ತಿ ಪಕ್ಕಕ್ಕಿಡುವ ಸಲಕರಣೆಯನ್ನು ಬೇರೆಯಾಗಿಯೇ ಮಾರುತ್ತಾರೆ. ಮಕ್ಕಳು ತೆರೆಯದಂತೆ ಹೊದಿಕೆಗೆ ಬೀಗದ ಪಟ್ಟಿಗಳೂ ಇರುತ್ತವೆ. ಫ್ರಾನ್ಸ್ 2003ರ ಜನವರಿಯಲ್ಲಿ ಮಾಡಿದ ಕಾನೂನಿನ ಪ್ರಕಾರ, ಮನೆಯ ಈಜುಕೊಳಕ್ಕೆ ಬೇಲಿ, ಎಚ್ಚರಿಕೆ ಗಂಟೆ, ಹೊದಿಕೆ ಅಥವಾ ಮಾಡು, ಇವುಗಳಲ್ಲಿ ಒಂದಾದರೂ ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಕಾಲುಭಾಗದಷ್ಟು ಐದು ವರ್ಷದೊಳಗಿನ ಮಕ್ಕಳು. ವಿಲಾಸದ ತೊಟ್ಟಿಗೆ ಅಷ್ಟು ಮುಂಜಾಗ್ರತೆ ಸಲ್ಲುವುದಾದರೆ, ನಿತ್ಯದ ಅಗತ್ಯಕ್ಕೆ ಕಟ್ಟಿದ ನಮ್ಮ ಸಂಪ್‌ಗೆ ಸಲ್ಲಬಾರದೇಕೆ?

ನಮ್ಮಲ್ಲೇ ಒಂದು ಪೂರ್ವನಿದರ್ಶನವಿದೆ. ಕೈಬಿಟ್ಟ ಕೊಳವೆಬಾವಿಗಳಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಮಾರ್ಗಸೂಚಿ ನೀಡಿತು: ಕೊರೆಯುವಾಗ ಸುತ್ತ ಬೇಲಿ, ಕೊಳವೆಯ ಬಾಯಿಗೆ ಬೆಸೆದ ಉಕ್ಕಿನ ಮುಚ್ಚಳ, ಕೈಬಿಟ್ಟರೆ ತಳದಿಂದ ನೆಲಮಟ್ಟದವರೆಗೆ ಮಣ್ಣು ತುಂಬುವುದು ಇತ್ಯಾದಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತವಾಗಿ ಮೇಲೆತ್ತುವವರೆಗೆ ಇಡೀ ನಾಡು ಉಸಿರು ಬಿಗಿಹಿಡಿದಿತ್ತು. ಸಂಪ್‌ಗೆ ಬಿದ್ದ ಮಗುವಿಗೆ ಅಂಥ ಸಮಯಾವಕಾಶವಿಲ್ಲ; ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ. ಆ ಸುದ್ದಿ ಒಂದು ಕಾಲಮ್ಮಿನಲ್ಲಿ ಬಂದು ಮರೆಯಾಗುತ್ತದೆ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ, ಎರಡೂ ಮನೆಗಳಿಗೆ ಎತ್ತುವ ಅನುಕೂಲವಿರುವ ಮುಚ್ಚಳವನ್ನೇ ಹಾಕಿಸುವುದೆಂದು ನಾನು ತೀರ್ಮಾನಿಸಿದ್ದೇನೆ. ಆದರೆ ಕೆಲವು ಷರತ್ತುಗಳಿವೆ. ಮೊದಲನೆಯದು, ಮುಚ್ಚಳದ ಕೆಳಗೆ ಬೇರೆಯೇ ಒಂದು ಕಬ್ಬಿಣದ ಜಾಲರಿ. ಅದರ ಸರಳುಗಳ ನಡುವೆ ಮಗುವಿನ ತಲೆ ತೂರಬಾರದು, ಸ್ವಚ್ಛಗೊಳಿಸುವಾಗಲಷ್ಟೇ ಅದನ್ನು ತೆಗೆಯಬೇಕು. ಮೇಲಿನ ಮುಚ್ಚಳ ಮರೆತು ತೆರೆದಿದ್ದರೂ ಜಾಲರಿ ಕಾಯುತ್ತದೆ. ಎರಡನೆಯದು, ಮಗುವಿನ ಕೈಗೆ ಎಟುಕದಲ್ಲಿ ಕೀಲಿಯಿಡುವ ಬೀಗ. ಮೂರನೆಯದು, ಎತ್ತಿದ ಮುಚ್ಚಳ ಗಾಳಿಗೆ ಬಡಿದು ಬೆರಳು ಜಜ್ಜದಂತೆ ತಡೆಹಿಡಿಯುವ ಆಸರೆ ಸರಳು. ಕೀಲಿನ ಮೇಲೆ ತಿರುಗುವ ಮುಚ್ಚಳದ ಅಂಚನ್ನು ಹಿಡಿದೆತ್ತಲು ಅದರ ಅರ್ಧ ತೂಕದಷ್ಟು ಬಲ ಸಾಕು; ಎದುರುತೂಕ ಸೇರಿದರೆ ಮುದುಕರಿಗೂ ಸಾಧ್ಯ. ನೀರು ತುಂಬಿದೊಡನೆ ತಾನೇ ನಿಲ್ಲಿಸುವ ತೇಲುಗುಂಡಿನ ವಾಲ್ವ್ ಇದ್ದರೆ ಪದೇ ಪದೇ ತೆರೆದು ನೋಡುವ ಪ್ರಮೇಯವೇ ಬರುವುದಿಲ್ಲ. ಇದಿಷ್ಟಕ್ಕೂ ಆಗುವ ಖರ್ಚು, ಮನೆ ಕಟ್ಟುವ ಮೊತ್ತದಲ್ಲಿ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು.

ಆದರೆ ಇದನ್ನು ಮನೆಮನೆಯ ವಿವೇಚನೆಗೆ ಬಿಟ್ಟು ಕೈತೊಳೆದುಕೊಳ್ಳಲಾಗದು. ಬಾಡಿಗೆ ಮನೆಯಲ್ಲಿರುವವರು ಮಾಲೀಕ ಹಾಕಿಸಿದ ಮುಚ್ಚಳವನ್ನೇ ನಂಬಿರಬೇಕು. ಕಟ್ಟಡ ಕಾರ್ಮಿಕರ ಮಕ್ಕಳು ಅರ್ಧ ಕಟ್ಟಿದ ಮನೆಯ ತೆರೆದ ಸಂಪ್‌ನ ಪಕ್ಕದಲ್ಲೇ ಆಡುತ್ತಿರುತ್ತಾರೆ. ಅವರ ಪಾಲಿಗೆ ಮುಚ್ಚಳದ ಆಯ್ಕೆಯೇ ಇಲ್ಲ. ನಂಜನಗೂಡಿನ ನಗರಸಭೆ ಮತ್ತು ನರಸೀಪುರದ ಪುರಸಭೆಗಳು ಕಟ್ಟಡ ಪರವಾನಗಿ ನೀಡುವಾಗಲೇ ಸಂಪ್‌ನ ಕಟ್ಟೆ, ಜಾಲರಿ, ಬೀಗಗಳನ್ನು ಷರತ್ತಾಗಿ ಸೇರಿಸಬಹುದು. ಸಂಪ್ ತೋಡಿದ ದಿನದಿಂದಲೇ ತಾತ್ಕಾಲಿಕ ಮುಚ್ಚಳ ಇರಬೇಕೆಂದು ಗುತ್ತಿಗೆದಾರರಿಗೆ ವಿಧಿಸಬಹುದು. ಲಾರ್ವಾ ಸಮೀಕ್ಷೆಗೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರ ನಮೂನೆಯಲ್ಲಿ ಮುಚ್ಚಳದ ಸ್ಥಿತಿಗೂ ಒಂದು ಕಾಲಂ ಇದ್ದರೆ, ಯಾವ ಬೀದಿಯಲ್ಲಿ ಎಷ್ಟು ಬಾಯಿಗಳು ತೆರೆದಿವೆ ಎಂಬ ಲೆಕ್ಕ ಕೆಲವೇ ವಾರಗಳಲ್ಲಿ ಕೈಗೆ ಸಿಗುತ್ತದೆ. ಹೆಚ್ಚುವರಿ ಗೌರವಧನವಿಲ್ಲದೆ ಈ ಹೊರೆಯನ್ನು ಅವರ ಮೇಲೆ ಹೇರಬಾರದು ಎಂಬುದನ್ನೂ ಸೇರಿಸಿ ಹೇಳಬೇಕು.

ನೀರನ್ನು ಕೂಡಿಡುವುದು ನಮಗೆ ಅನಿವಾರ್ಯ. ಕೂಡಿಟ್ಟ ನೀರು ಮನೆಯ ಮಗುವಿಗೆ ಕಂಟಕವಾಗುವುದು ಮಾತ್ರ ಅನಿವಾರ್ಯವಲ್ಲ. ದೊಡ್ಡವರ ಸೊಂಟಕ್ಕೆ ಹಗುರವಾಗಿ, ಮಕ್ಕಳ ಕೈಗೆ ಬಿಗಿಯಾಗಿರುವ ಮುಚ್ಚಳವನ್ನು ನಮ್ಮೂರಿನ ಯಾವ ವೆಲ್ಡಿಂಗ್ ಅಂಗಡಿಯಾದರೂ ಮಾಡಿಕೊಡಬಲ್ಲದು. ಅದನ್ನು ಕೇಳಿ ಮಾಡಿಸಿಕೊಳ್ಳುವ ಕೆಲಸವಷ್ಟೇ ನಮ್ಮ ಪಾಲಿಗೆ ಉಳಿದಿದೆ.